ಎರಡು ಕೈಯ ನೀರು

ನನ್ನ ಟೊಮೆಟೊ ಗಿಡಗಳು ತಲೆ ಬಗ್ಗಿಸಿ ನಿಂತ ದಿನವೇ ಅವನು ಊರು ಬಿಡುವ ಸುದ್ದಿ ಹೇಳಿದ. ಎರಡೂ ಒಟ್ಟಿಗೇ ಬರಬೇಕಿತ್ತೇ?

ಅವನು ಎಂದರೆ ನಮ್ಮ ಎದುರುಮನೆಯವನು, ಲಿಫ್ಟ್ ಮೆಕ್ಯಾನಿಕ್. ಊರಿನ ದೊಡ್ಡ ಕಟ್ಟಡಗಳಲ್ಲೆಲ್ಲ ನಿಂತುಹೋದ ಲಿಫ್ಟುಗಳನ್ನು ಓಡಿಸಿ ಬರುವವನು, ಲಿಫ್ಟೇ ಇಲ್ಲದ ನಮ್ಮ ಕಟ್ಟಡದ ಕೊನೆಯ ಮಹಡಿಯಲ್ಲಿ ಒಬ್ಬನೇ ಇದ್ದ. ಅಕ್ಕ ಅವನಿಗೆ 'ಮೇಲೆಕೆಳಗೆ ಸಾಹೇಬ್ರು' ಎಂದು ಹೆಸರಿಟ್ಟಿದ್ದಳು. ಅಕ್ಕ ಬ್ಯಾಂಕಿನಲ್ಲಿ, ನಾನು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು. ಅವನ ಮನೆಗೂ ನಮ್ಮ ಮನೆಗೂ ಸೇರಿ ಮೇಲೆ ಒಂದೇ ತಾರಸಿ. ಒಂದು ಕಡೆ ಅವನ ಕುಂಡಗಳು, ಇನ್ನೊಂದು ಕಡೆ ನನ್ನವು, ನಡುವೆ ಬಟ್ಟೆ ಒಣಗಿಸುವ ಹಗ್ಗ.

ಹಗ್ಗದ ಮೇಲಿನ ಅಕ್ಕನ ಸೀರೆಯನ್ನು ಸ್ವಲ್ಪ ಸರಿಸಿ, ಅದರ ಸಂದಿಯಿಂದ ಮಾತಾಡಿದ.

"ಕಂಪನಿಯವರು ಬೇರೆ ಊರಿಗೆ ಕರೀತಿದಾರೆ. ಅಲ್ಲಿ ಬ್ರಾಂಚ್ ಪೂರ್ತಿ ನಾನೇ ನೋಡ್ಕೋಬೇಕಂತೆ. ಸೋಮವಾರ ಹೇಳ್ಬೇಕು, ಬರ್ತೀನೋ ಇಲ್ವೋ ಅಂತ."

"ಒಳ್ಳೇದಾಯ್ತಲ್ಲ!" ಎಂದೆ.

ನನ್ನ ಬಾಯಿಗಿಷ್ಟು ಮಣ್ಣು ಹಾಕ! ಮನಸ್ಸು ಬೇಡ ಬೇಡ ಎನ್ನುತ್ತಿತ್ತು, ಬಾಯಿ ಮಾತ್ರ ಹಲ್ಲು ಕಿರಿಯುತ್ತಿತ್ತು.

"ಹೌದು, ಒಳ್ಳೇದೇ," ಎಂದ ಅವನು. ಸೀರೆಯನ್ನು ಮತ್ತೆ ಮೊದಲಿನ ಹಾಗೆಯೇ ನೀಟಾಗಿ ಹರಡಿ ಕೆಳಗೆ ಹೋದ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಮುದ್ದೆ ಮಾಡಿಟ್ಟು ಹೋಗುತ್ತಿದ್ದರು.

ನನಗೆ ಅವನಲ್ಲಿ ಮೊದಲು ಇಷ್ಟವಾಗಿದ್ದೇ ಈ ಕೈ. ದಿನವಿಡೀ ಗ್ರೀಸಿನಲ್ಲಿ ಅದ್ದಿದ ಕೈ. ಮನೆಗೆ ಬಂದವನು ಟೀ ಕೂಡ ಕುಡಿಯದೆ ನೇರ ತಾರಸಿಯ ನಲ್ಲಿಯ ಹತ್ತಿರ ಹೋಗಿ, ಉಗುರಿನ ಸಂದಿಯನ್ನೂ ಬಿಡದೆ ಸೋಪು ಹಾಕಿ ತೊಳೆಯುತ್ತಿದ್ದ. ತೊಳೆಯದೆ ಒಂದು ಎಲೆಯನ್ನೂ ಮುಟ್ಟಿದವನಲ್ಲ. "ಅಷ್ಟೊಂದು ಮಡಿಯಾ?" ಎಂದು ಒಮ್ಮೆ ರೇಗಿಸಿದ್ದೆ. "ಎಲೆ ಉಸಿರಾಡುತ್ತಲ್ಲ, ಗ್ರೀಸ್ ಮೆತ್ತಿದ್ರೆ ಹೇಗೆ ಉಸಿರಾಡುತ್ತೆ, ಪಾಪ?" ಎಂದಿದ್ದ. ಆ 'ಪಾಪ' ಎಂಬ ಮಾತಿಗೆ ನಾನು ಬಿದ್ದುಹೋದೆ.

ಬೇಸಿಗೆಯ ಕೊನೆ ಎಂದರೆ ತಾರಸಿ ತೋಟದವರಿಗೆ ಕಣ್ಣೀರಿನ ಕಾಲ. ಕಾಲಿಟ್ಟರೆ ಅಂಗಾಲು ಚುರ್ ಎನ್ನುತ್ತದೆ. ಟೊಮೆಟೊ ಹೂ ಬಿಡುತ್ತದೆ, ಬಿಟ್ಟ ಹೂ ಸಂಜೆಗೆ ಉದುರುತ್ತದೆ. ಎಲೆಯಡಿ ಬಿಳಿನೊಣ, ಕುಂಡದಡಿ ಇರುವೆ. ಸಾಲದ್ದಕ್ಕೆ ಕೆಳಗಿನ ಮನೆಯ ಟೀಚರಮ್ಮ, ನೀರು ಇಳಿದು ತಮ್ಮ ಸೀಲಿಂಗ್ ಹಾಳಾಗುತ್ತದೆ ಎಂದು ಪ್ರತಿ ಕುಂಡದಡಿಯೂ ಆಳವಾದ ತಟ್ಟೆ ಇಡಿಸಿದ್ದರು. ಆದರೂ ಆ ಕಾಲದಲ್ಲೇ ಒಂದು ಹಣ್ಣು ಕೆಂಪಾದರೆ ಆಗುವ ಖುಷಿ ಇದೆಯಲ್ಲ, ಅದನ್ನು ಹೇಳಿ ತಿಳಿಸಲಾಗುವುದಿಲ್ಲ. ಟೊಮೆಟೊ ಎಲೆ ಮುಟ್ಟಿದ ಬೆರಳಿನ ವಾಸನೆ ರಾತ್ರಿ ದಿಂಬಿಗೂ ಬರುತ್ತದೆ. ನನಗಂತೂ ಯಾವ ಸೆಂಟೂ ಅದರ ಮುಂದೆ ನಿಲ್ಲುವುದಿಲ್ಲ.

ಅವನು ಈ ಬಿಸಿಲಿಗೆ ಸೋಲುವವನೇ ಅಲ್ಲ. ಹಳೆಯ ಬೆಡ್‌ಶೀಟ್ ಹೊಲಿದು ತನ್ನ ಮೆಣಸಿನ ಗಿಡಗಳಿಗೆ ನೆರಳು ಕಟ್ಟಿದ. ಬೀದಿಯ ಮರಗಳಡಿಯ ಒಣಎಲೆ ಗುಡಿಸಿ ತಂದು ಮಣ್ಣಿನ ಮೇಲೆ ದಪ್ಪಗೆ ಹಾಸಿದ. ಹಾಸುವಾಗ ನನ್ನ ಕುಂಡಗಳಿಗೂ ಹಾಸಿದ, ಕೇಳದೆಯೇ.

"ನನ್ನ ಗಿಡಕ್ಕೆ ಯಾಕೆ?"

"ಎಲೆ ಉಳೀತು," ಎಂದ. ಸುಳ್ಳು ಹೇಳಿದರೂ ಸಿಕ್ಕಿಬಿದ್ದರೂ ಅವನ ಕಿವಿ ಕೆಂಪಾಗುತ್ತದೆ. ಅವತ್ತು ಕೆಂಪಾಗಿತ್ತು.

ಹಾಗೆ ನೋಡಿದರೆ ನನ್ನದೂ ಒಂದು ಗುಟ್ಟಿತ್ತು. ಅವನು ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಪಾಪ, ಸುಸ್ತಾಗಿ ಬರುತ್ತಾನೆ, ಗಿಡಗಳು ಬಾಯಾರಿ ಸಾಯುತ್ತವೆ ಎಂದು, ಸಂಜೆ ನನ್ನ ಗಿಡಗಳಿಗೆ ನೀರು ಹಾಕಿದ ಮೇಲೆ ಹಗ್ಗದಡಿ ನುಸುಳಿ ಅವನ ಗಿಡಗಳಿಗೂ ಹಾಕಿ ಬರುತ್ತಿದ್ದೆ. ಅವನ ಮೆಣಸಿನ ಗಿಡದ ಮುಂದೆ ನಿಂತು ಅವನಿಗೆ ಹೇಳಬೇಕಾದದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದೆ. ಗಿಡ ಬಾಯಿ ಬಿಡುವುದಿಲ್ಲ ಎಂಬ ಧೈರ್ಯ.

ಆ ಶನಿವಾರ ಸುದ್ದಿ ಕೇಳಿ ಕೆಳಗೆ ಬಂದಾಗ ಅಕ್ಕ ನನ್ನ ಮುಖವನ್ನೇ ನೋಡಿದಳು.

"ಏನೇ, ಟೊಮೆಟೊ ಬಾಡಿದ್ದಾ, ನೀನು ಬಾಡಿದ್ದಾ?"

"ಅವನು ಹೋಗ್ತಾನಂತೆ."

"ಹೋಗ್ಬೇಡ ಅನ್ನು."

"ನಾನ್ಯಾರು ಹೇಳೋಕೆ?"

"ಅದನ್ನೇ ಅವನೂ ಕಾಯ್ತಿರಬಹುದಲ್ಲೇ ಮಂಕೆ, ನೀನ್ಯಾರು ಅಂತ ನೀನೇ ಹೇಳ್ಲಿ ಅಂತ!" ಎಂದು ನನ್ನ ತಲೆಗೊಂದು ಮೊಟಕಿದಳು.

ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲೇ ತಾರಸಿಗೆ ಹೋದೆ. ಅವನು ಆಗಲೇ ನನ್ನ ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಕೆದರಿತ್ತು, ಅಂಗಿಯ ಒಂದು ಗುಂಡಿ ತಪ್ಪಾದ ತೂತಿಗೆ ಹೋಗಿತ್ತು. ಇಷ್ಟು ಚೆಂದದ ಮನುಷ್ಯನನ್ನು ಬೇರೆ ಊರಿಗೆ ಕಳಿಸಬೇಕಂತೆ!

"ಎಲ್ಲಕ್ಕಿಂತ ಬಾಡಿರೋದು ಇದು. ಕುಂಡದಿಂದ ತೆಗೆದು ನೋಡ್ಲಾ?" ಎಂದ.

ತಲೆಯಾಡಿಸಿದೆ. ಬುಡಕ್ಕೆ ಕೈ ಕೊಟ್ಟು, ನಿದ್ದೆಹೋದ ಮಗುವನ್ನು ಎತ್ತುವ ಹಾಗೆ, ಗಿಡವನ್ನು ಮಣ್ಣುಸಮೇತ ಹೊರಗೆಳೆದ. ಗಬ್ಬೆಂದು ವಾಸನೆ ಬಂತು. ಬಿಳಿ ಇರಬೇಕಾದ ಬೇರು ಕಪ್ಪಗೆ, ಮೆತ್ತಗೆ ಆಗಿ, ಮುಟ್ಟಿದರೆ ಕಿತ್ತುಬರುತ್ತಿತ್ತು.

"ಬಾಯಾರಿ ಬಾಡಿದ್ದಲ್ಲ ಇದು. ನೀರು ಹೆಚ್ಚಾಗಿ ಬೇರು ಕೊಳೆತಿದೆ. ಮೇಲಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ."

"ಅದ್ಹೇಗೆ ಸಾಧ್ಯ? ನಾನು ಸಂಜೆ ಒಂದೇ ಒಂದ್ಸಲ ಹಾಕೋದು!"

ಅವನು ಕೈಯಲ್ಲಿದ್ದ ಗಿಡವನ್ನು ಮೆಲ್ಲಗೆ ಕೆಳಗಿಟ್ಟ. ಕಿವಿ ಕೆಂಪಾಗತೊಡಗಿತು. ತುದಿಯಿಂದ ಶುರುವಾಗಿ ಕತ್ತಿನವರೆಗೆ ಇಳಿಯಿತು.

"ನಾನೂ ಒಂದ್ಸಲ ಹಾಕ್ತೀನಿ," ಎಂದ.

"ನಿಮ್ಮ ಗಿಡಕ್ಕೆ ತಾನೇ?"

"ನನ್ನದಕ್ಕೆ ಹಾಕಿ... ಆಮೇಲೆ ನಿಮ್ಮದಕ್ಕೂ. ಬೆಳಗ್ಗೆ, ಕೆಲಸಕ್ಕೆ ಹೋಗೋ ಮುಂಚೆ. ನೀವು ಅಂಗಡಿಗೆ ಓಡೋ ಗಡಿಬಿಡೀಲಿ ಇರ್ತೀರಲ್ಲ ಅಂತ. ಬಿಸಿಲು ಏರಿದೆ ಅಂತ ಈ ವಾರ ಇನ್ನೂ ಜಾಸ್ತಿ ಹಾಕ್ದೆ. ನಾನೇ ಕೊಂದುಬಿಟ್ಟೆ ನಿಮ್ಮ ಗಿಡಾನ."

ಅವನ ದನಿ ನಿಜಕ್ಕೂ ಒಡೆದಿತ್ತು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

"ನಿಮ್ಮ ಮೆಣಸಿನ ಗಿಡ ಹೇಗಿದೆ?" ಎಂದು ಮೆಲ್ಲಗೆ ಕೇಳಿದೆ.

"ಅದೂ ಹಳದಿಯಾಗಿದೆ. ಯಾಕೆ ಅಂತಾನೇ ಗೊತ್ತಾಗ್ತಿಲ್ಲ."

"ನನಗೆ ಗೊತ್ತು."

ಅವನು ತಲೆಯೆತ್ತಿ ನೋಡಿದ. ನಾನು ಕಾಲ್ಬೆರಳಿನಿಂದ ಒಣಎಲೆಯೊಂದನ್ನು ಅತ್ತಿತ್ತ ಸರಿಸುತ್ತ ನಿಂತೆ.

"ಸಂಜೆ ನಾನೂ ಅದಕ್ಕೆ... ನೀವು ಸುಸ್ತಾಗಿ ಬರ್ತೀರಲ್ಲ ಅಂತ."

ಅವನು ಒಮ್ಮೆ ತನ್ನ ಕುಂಡಗಳ ಕಡೆ, ಒಮ್ಮೆ ನನ್ನ ಕುಂಡಗಳ ಕಡೆ ನೋಡಿದ. ಆಮೇಲೆ ಅವನಿಗೆ ಎಲ್ಲಿತ್ತೋ ಅಷ್ಟು ನಗು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನಾನೂ ಅವನ ಪಕ್ಕದಲ್ಲೇ ಕೂತು ನಕ್ಕೆ. ಊರಿನ ಗಿಡಗಳೆಲ್ಲ ನೀರಿಲ್ಲದೆ ಒಣಗುವ ಕಾಲದಲ್ಲಿ ನಮ್ಮವು ಮುಳುಗಿ ಸಾಯುತ್ತಿದ್ದವು. ಮೇಲೆ ಹಾಸಿದ ಒಣಎಲೆ ಅಡಿಯ ಕೆಸರನ್ನು ಮುಚ್ಚಿಟ್ಟಿತ್ತು. ಅವನ ಕುಂಡದ ತಟ್ಟೆಯಲ್ಲಿ ನಿಂತ ನೀರು ಕಂಡು, ಇವನಿಗೆ ಗಿಡದ ಮೇಲೆ ಎಷ್ಟು ಪ್ರೀತಿ ಎಂದು ನಾನು ಮನಸ್ಸಿನಲ್ಲೇ ಹೊಗಳಿದ್ದೆ. ಅವನೂ ನನ್ನ ಬಗ್ಗೆ ಹಾಗೇ ಅಂದುಕೊಂಡಿದ್ದನಂತೆ.

ತಟ್ಟೆಗಳನ್ನೆಲ್ಲ ಖಾಲಿ ಮಾಡಿದೆವು. ಒಣಎಲೆ ಸರಿಸಿ ಮಣ್ಣಿಗೆ ಗಾಳಿ ಬಿಟ್ಟೆವು. ಬದುಕುವ ಗಿಡಗಳ ಕೊಳೆತ ಬೇರನ್ನು ಅವನು ಕತ್ತರಿಸಿದ. ನಾನು ಹೊಸ ಮಣ್ಣು ತುಂಬಿದೆ. ಒಂದೇ ಕುಂಡದೊಳಗೆ ನಾಲ್ಕು ಕೈ. ಅವನ ಬೆರಳು ನನ್ನ ಬೆರಳಿಗೆ ತಾಗಿದಾಗ ಅವನು ಹಿಂದೆ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮಣ್ಣನ್ನು ಬೇಕಾದ್ದಕ್ಕಿಂತ ಹೆಚ್ಚೇ ಒತ್ತಿದೆವು ಎಂದು ಕಾಣುತ್ತದೆ.

ಕೈ ತೊಳೆಯುವಾಗ ಅವನ ನಗು ಇಳಿದಿತ್ತು.

"ಅಂದ್ರೆ, ಗಿಡಗಳಿಗೆ ಒಬ್ಬರು ನೀರು ಹಾಕಿದ್ರೆ ಸಾಕು," ಎಂದ.

"ಸಾಕು."

"ನಾನು ಹೋದ್ರೂ ನೀವೊಬ್ಬರೇ ನೋಡ್ಕೋಬಹುದು. ನಿಜ ಹೇಳ್ಬೇಕಂದ್ರೆ, ನಾನು ಹೋದ್ರೇನೇ ಅವಕ್ಕೆ ಒಳ್ಳೇದು." ನಲ್ಲಿಯ ಕಡೆ ನೋಡಿಕೊಂಡೇ ಹೇಳಿದ. "ನಾನಿಲ್ಲದಿದ್ರೆ ನಿಮ್ಮ ಗಿಡ ಯಾರು ನೋಡ್ತಾರೆ ಅನ್ನೋ ಒಂದು ನೆಪ ಇಟ್ಕೊಂಡಿದ್ದೆ. ಹೋಗಲ್ಲ ಅನ್ನೋಕೆ ಇದ್ದದ್ದು ಅದೊಂದೇ."

ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಕೆಳಗಿನ ಟೀಚರಮ್ಮ ಸೀಲಿಂಗ್ ನೋಡಿರಬೇಕು. ಗಿಡಕ್ಕೆ ಹೇಳಿದ್ದೆಲ್ಲ ಬಾಯಿಗೆ ಬಂತು. ಇವತ್ತೂ 'ಒಳ್ಳೇದಾಯ್ತಲ್ಲ' ಎಂದರೆ ಮುಗಿಯಿತು, ಆಮೇಲೆ ಜೀವನವಿಡೀ ಕೈ ಕೈ ಹಿಸುಕಿಕೊಳ್ಳಬೇಕು.

"ಗಿಡಕ್ಕೆ ನೀವು ಬೇಡ," ಎಂದೆ.

ಅವನು ತಲೆಯಾಡಿಸಿದ. ನಲ್ಲಿ ನಿಲ್ಲಿಸಿದ.

"ನನಗೆ ಬೇಕು."

ಅವನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುವುದನ್ನೂ ಮರೆತು ನಿಂತ.

"ನನಗೆ ನೀವಂದ್ರೆ ಇಷ್ಟ. ಬಹಳ. ಈ ಬೇಸಿಗೆಯಿಂದಲ್ಲ, ಅದಕ್ಕೂ ಮೊದಲಿಂದ. ದೊಡ್ಡ ಕೆಲಸ, ಬಿಡಿ ಅನ್ನೋಕೆ ನಾನ್ಯಾರು ಅಂತ ಸುಮ್ಮನಿದ್ದೆ. ಹೋಗ್ಬೇಡಿ."

"ಇನ್ನೊಂದ್ಸಲ ಹೇಳಿ."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಬೇಕು."

"ಹೋಗ್ಬೇಡ," ಎಂದೆ.

ಅವನು ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡ. ಗ್ರೀಸೂ ಇರಲಿಲ್ಲ, ಮಣ್ಣೂ ಇರಲಿಲ್ಲ, ತಣ್ಣಗಿತ್ತು. ಅದೆಷ್ಟು ಹೊತ್ತು ಹಾಗೆ ನಿಂತಿದ್ದೆವೋ, ಬಿಸಿಲು ಬಂದು ಬೆನ್ನು ಸುಡುವವರೆಗೂ ತಿಳಿಯಲಿಲ್ಲ.

"ಸೋಮವಾರದವರೆಗೆ ಯಾಕೆ ಕಾಯೋದು?" ಎಂದು ಅಲ್ಲೇ ಫೋನ್ ತೆಗೆದ. ಇನ್ನೊಂದು ಕೈಯಿಂದ ನನ್ನ ಕೈ ಬಿಡಲಿಲ್ಲ.

"ಸರ್, ನಾನು ಬರಲ್ಲ ಸರ್... ಇಲ್ಲ, ಸಂಬಳದ ವಿಷಯ ಅಲ್ಲ... ಮನೆ ಕಡೆ ಆಗಲ್ಲ ಸರ್."

ಆ ಕಡೆಯ ಮ್ಯಾನೇಜರನ ದನಿ ದೊಡ್ಡದು. ನನಗೂ ಸ್ಪಷ್ಟವಾಗಿ ಕೇಳಿಸಿತು.

"ಮನೆ ಕಡೆ ಅಂದ್ರೆ? ಒಬ್ಬನೇ ಇರೋನು ನೀನು. ಮನೇಲಿ ಯಾರಿದಾರಯ್ಯ ನಿನಗೆ?"

ಅವನು ನನ್ನನ್ನು ನೋಡಿದ.

"ಇದಾರೆ ಸರ್," ಎಂದ.