ಕರಡಿಯ ನೀಲಿ ಚಡ್ಡಿ

“ಎರಡು ಚಡ್ಡಿ ಯಾಕೋ ಹಾಕ್ಕೊಂಡಿದೀಯ?”

ಅಮ್ಮ ಡುಮ್ಮನ ಸೊಂಟ ಹಿಡಿದು ತಿರುಗಿಸಿ ನೋಡಿದಳು. ಸ್ಕೂಲ್ ಚಡ್ಡಿಯ ಕೆಳಗಿಂದ ಇನ್ನೊಂದು ಚಡ್ಡಿಯ ಅಂಚು ಇಣುಕುತ್ತಿತ್ತು.

“ಚಳಿ,” ಅಂದ ಡುಮ್ಮ. ಅವನ ಹಣೆಯ ಮೇಲೆ ಆಗಲೇ ಬೆವರಿತ್ತು.

“ಈ ಸೆಕೇಲಿ ಚಳಿನಾ? ಬಿಚ್ಚು ಒಂದನ್ನ.”

“ಬಿಚ್ಚಿದ್ರೆ ಸ್ಕೂಲಿಗೆ ಹೋಗಲ್ಲ.”

ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊತ್ತಾಗಿತ್ತು. “ಏನಾದ್ರೂ ಮಾಡ್ಕೊ, ನನ್ನಪ್ಪಾ. ಪೆನ್ಸಿಲ್, ಇವನ ಕೈ ಹಿಡ್ಕೊಂಡು ಹೋಗು,” ಅಂದು ಬ್ಯಾಗು ಹೆಗಲಿಗೇರಿಸಿದಳು.

ಪೆನ್ಸಿಲ್ ಅಂದರೆ ಡುಮ್ಮನ ಅಕ್ಕ. ಐದನೇ ಕ್ಲಾಸು. ಯಾವಾಗಲೂ ಜಡೆಯಲ್ಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ, ಅದಕ್ಕೇ ಆ ಹೆಸರು. ಡುಮ್ಮ ಒಂದನೇ ಕ್ಲಾಸು. ಹುಟ್ಟಿದಾಗ ಕುಂಬಳಕಾಯಿ ಥರ ಇದ್ದನಂತೆ. ಈಗ ಒಳ್ಳೆ ಕಡ್ಡಿ. ಮೈ ಕರಗಿತು, ಹೆಸರು ಉಳಿಯಿತು.

ದಿನಾ ಅಕ್ಕನ ಮುಂದೆ ಓಡುವ ಡುಮ್ಮ ಇವತ್ತು ಅವಳ ಹಿಂದೆ ಕಾಲೆಳೆದುಕೊಂಡು ಬಂದ. ಸ್ಕೂಲಿನ ಗೇಟು ಕಂಡ ಕೂಡಲೇ ಅವಳ ಬೆರಳು ಗಟ್ಟಿಯಾಗಿ ಹಿಡಿದ.

ಒಂದನೇ ಕ್ಲಾಸಿನ ಹೊರಗೋಡೆಯ ಮೇಲೆ ಒಂದು ಚಿತ್ರವಿತ್ತು. ಹೊಸದಾಗಿ ಸೇರಿದ ಚಿಕ್ಕ ಮಕ್ಕಳಿಗೋಸ್ಕರ ಐದನೇ ಕ್ಲಾಸಿನವರು ಬರೆದದ್ದು. ಕರಡಿ, ಮೊಲ, ಬಾತುಕೋಳಿ, ಬೆಕ್ಕು ಸಾಲಾಗಿ ಸ್ಕೂಲಿಗೆ ಹೊರಟಿವೆ. ಮೊಲಕ್ಕೆ ಕೆಂಪು ಚಡ್ಡಿ, ಅಂಗಿ ಇಲ್ಲ. ಬಾತುಕೋಳಿಗೆ ಬರೀ ಟೋಪಿ. ಬೆಕ್ಕಿಗೆ ಕತ್ತಿಗೊಂದು ರಿಬ್ಬನ್, ಅಷ್ಟೆ. ಕರಡಿಗೆ ಹಳದಿ ಅಂಗಿ, ಕೆಳಗೆ ಏನೂ ಇಲ್ಲ.

ಕರಡಿ ಬರೆದವಳು ಪೆನ್ಸಿಲ್. ಹೆಡ್‌ಮಿಸ್ ಖುದ್ದಾಗಿ ಬಂದು ಅವಳ ಬೆನ್ನು ತಟ್ಟಿದ್ದರು. ಅವತ್ತಿನಿಂದ ಆ ಗೋಡೆಯ ಹತ್ತಿರ ಬಂದಾಗೆಲ್ಲ ಅವಳ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು.

“ಕರಡಿ ಬಂತು, ಕರಡಿ ಬಂತು.” ಕ್ಲಾಸಿನ ಬಾಗಿಲಲ್ಲಿ ಮಕ್ಕಳು ರಾಗ ಎಳೆದರು.

ತನ್ನ ಚಿತ್ರದ ಮಾತೇ ಇರಬೇಕು ಅಂದುಕೊಂಡು ಪೆನ್ಸಿಲ್ ನಕ್ಕಳು. ಆಮೇಲೆ ಡುಮ್ಮನ ಮುಖ ನೋಡಿದಳು. ಅವನು ತಲೆ ತಗ್ಗಿಸಿಕೊಂಡು ಒಳಗೆ ಓಡಿಬಿಟ್ಟ.

ಬಾಗಿಲಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಉಳಿದಿದ್ದಳು. “ಏನೇ ಅದು, ಕರಡಿ ಅಂತ?” ಕೇಳಿದಳು ಪೆನ್ಸಿಲ್.

“ನಿನ್ನೆ ಅವನು ಚಡ್ಡೀಲೇ ಸುಸ್ಸು ಮಾಡ್ಕೊಂಡ. ಮಿಸ್ ಒಗೆದು ಒಣಗಾಕಿದ್ರು. ಅಲ್ಲೀವರೆಗೂ ಬರೀ ಅಂಗೀಲಿ ಕೂತಿದ್ದ.” ಹುಡುಗಿ ಗೋಡೆಯ ಕಡೆ ಬೆರಳು ತೋರಿಸಿದಳು. “ಥೇಟ್ ಅದೇ ಥರ.”

ಪೆನ್ಸಿಲ್ ಗೋಡೆಯ ಕಡೆ ತಿರುಗಿದಳು. ಇಷ್ಟು ದಿನ ಚೆಂದ ಕಾಣುತ್ತಿದ್ದ ಕರಡಿ ಈಗ ಬೇರೆ ಥರ ಕಂಡಿತು. ಹೌದಲ್ಲ, ಚಡ್ಡಿ ಎಲ್ಲಿ?

ಊಟದ ಬೆಲ್ ಆದ ತಕ್ಷಣ ಅವಳು ಡ್ರಾಯಿಂಗ್ ಸರ್ ಹತ್ತಿರ ಓಡಿದಳು.

“ಸರ್, ನೀಲಿ ಬಣ್ಣ ಬೇಕು. ಕರಡಿಗೆ ಚಡ್ಡಿ ಹಾಕ್ಬೇಕು.”

ಸರ್ ಕನ್ನಡಕದ ಮೇಲಿಂದ ನೋಡಿದರು. “ಇಷ್ಟು ದಿನ ಇಲ್ಲದ ಮರ್ಯಾದೆ ಈಗೆಲ್ಲಿಂದ ಬಂತು ಅದಕ್ಕೆ? ಹಾಕು, ನನ್ನದೇನಿಲ್ಲ. ಆದ್ರೆ ಚಿಕ್ಕ ಕಂಬಳಿ ಕಥೆ ಗೊತ್ತಲ್ಲ? ತಲೆಗೆ ಎಳೆದ್ರೆ ಕಾಲಿಗಿಲ್ಲ, ಕಾಲಿಗೆ ಎಳೆದ್ರೆ ತಲೆಗಿಲ್ಲ.”

ಪೆನ್ಸಿಲ್‌ಗೆ ಅದನ್ನು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಊಟ ಬಿಟ್ಟು ಚಡ್ಡಿ ಬಳಿದಳು. ಜೇಬೂ ಇಟ್ಟಳು. ಕೊನೆಯ ಗೆರೆ ಎಳೆಯುವಾಗ ಒಂದನೇ ಕ್ಲಾಸಿನ ಮಕ್ಕಳು ಕೈ ತೊಳೆದುಕೊಂಡು ಬಂದರು.

“ಏಯ್, ಕರಡಿ ಚಡ್ಡಿ ಹಾಕ್ಕೊಂಡಿದೆ.”

“ಹಾಗಾದ್ರೆ ಬಾತುಕೋಳೀದು ಎಲ್ಲಿ? ಶೇಮ್ ಶೇಮ್.”

“ಬೆಕ್ಕೂ ಶೇಮ್ ಶೇಮ್. ಮೊಲಕ್ಕೆ ಅಂಗಿ ಇಲ್ಲ.”

ಇಷ್ಟು ದಿನ ಯಾರಿಗೂ ಕಾಣದೇ ಇದ್ದದ್ದು ಈಗ ಎಲ್ಲರಿಗೂ ಕಾಣತೊಡಗಿತು. ಅಷ್ಟರಲ್ಲಿ ಹಲ್ಲು ಬಿದ್ದ ಹುಡುಗನೊಬ್ಬ ಬಣ್ಣ ಮುಟ್ಟಿ ನೋಡಿ, “ಇನ್ನೂ ಒದ್ದೆ ಇದೆ. ಕರಡೀನೂ ಸುಸ್ಸು ಮಾಡ್ಕೊಂಡಿದೆ,” ಅಂದ.

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಟಕಿಯ ಸರಳಿನ ಹಿಂದೆ ಡುಮ್ಮನ ಮುಖ ಒಂದು ಕ್ಷಣ ಕಂಡು ಮಾಯವಾಯಿತು. ಪೆನ್ಸಿಲ್ ಬಣ್ಣದ ಡಬ್ಬಿ ಮುಚ್ಚಿದಳು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗಿತ್ತು.

ಅಮ್ಮನ ಡ್ಯೂಟಿ ಮುಗಿಯುವವರೆಗೆ ಮಕ್ಕಳಿಬ್ಬರೂ ಚಿಕ್ಕಮ್ಮನ ಆಫೀಸಿನಲ್ಲಿ ಇರುವುದು ರೂಢಿ. ಚಿಕ್ಕಮ್ಮ ಟೀವಿಗೆ ಕಾರ್ಟೂನ್ ಮಾಡುವ ಕಂಪನಿಯಲ್ಲಿ ಚಿತ್ರ ಬರೆಯುತ್ತಾಳೆ. ಅಲ್ಲಿ ಉದ್ದನೆಯ ಮೇಜುಗಳು, ದೊಡ್ಡ ಸ್ಕ್ರೀನುಗಳು, ಗೋಡೆಯ ತುಂಬ ಅಂಟಿಸಿದ ಹಾಳೆಗಳು. ಡುಮ್ಮ ಮೂಲೆಯ ಸೋಫಾದಲ್ಲಿ ಮುದುರಿಕೊಂಡು ನಿದ್ದೆ ಹೋದ.

ಚಿಕ್ಕಮ್ಮನ ಸ್ಕ್ರೀನಿನ ಮೇಲೆ ಒಂದು ಮೇಕೆ ಕೋಟು ಹಾಕಿಕೊಂಡು ನಿಂತಿತ್ತು.

“ಚಿಕ್ಕಮ್ಮ, ಇದಕ್ಕೆ ಪ್ಯಾಂಟ್ ಇಲ್ವಾ?”

“ಅದೇ ಜಗಳ ನಡೀತಿದೆ ಇಲ್ಲಿ. ಪ್ಯಾಂಟ್ ಹಾಕಿದ್ರೆ ಬಾಲ ಎಲ್ಲಿಡೋದು ಅಂತಾರೆ ಒಬ್ಬರು. ಬೆಲ್ಟ್ ಬೇಕು ಅಂತಾರೆ ಇನ್ನೊಬ್ಬರು. ಹಿಂಗೇ ಬಿಟ್ರೆ ಆಮೇಲೆ ಶೂನೂ ಕೇಳ್ತಾರೆ.”

“ಅರ್ಧ ಬಟ್ಟೆ ಹಾಕಿದ್ರೆ ಅದಕ್ಕೆ ನಾಚಿಕೆ ಆಗಲ್ವಾ?”

ಚಿಕ್ಕಮ್ಮ ಕುರ್ಚಿ ಇವಳ ಕಡೆ ತಿರುಗಿಸಿದಳು. “ಏನೂ ಹಾಕದಿದ್ರೆ ಬರೀ ಮೇಕೆ. ಪೂರ್ತಿ ಹಾಕಿದ್ರೆ ಮೇಕೆ ಮುಖದ ಮೇಷ್ಟ್ರು. ಅರ್ಧ ಹಾಕಿದ್ರೆ ಕಾರ್ಟೂನು. ಅವರ ಊರಲ್ಲಿ ಎಲ್ಲರೂ ಹಂಗೇ ಓಡಾಡ್ತಾರೆ, ಅದಕ್ಕೇ ಯಾರೂ ಯಾರನ್ನೂ ನೋಡಲ್ಲ. ಪಕ್ಕದಲ್ಲಿ ಇರೋರು ಒಬ್ಬರು ‘ಅಯ್ಯೋ, ನಿನ್ನ ಪ್ಯಾಂಟ್ ಎಲ್ಲಿ’ ಅಂತ ಕೇಳಿದ್ರೋ, ಮುಗೀತು. ಅವತ್ತಿಂದ ಪಾಪ ಅದು ಪ್ಯಾಂಟ್ ಹುಡುಕ್ತಾ ಇರುತ್ತೆ.”

ಪೆನ್ಸಿಲ್ ಸೋಫಾದ ಕಡೆ ನೋಡಿದಳು. ಡುಮ್ಮನ ಕತ್ತು ಬೆವರಿತ್ತು. ಅವಳು ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು.

ಚಿಕ್ಕಮ್ಮ ನಗಲಿಲ್ಲ, ಬೈಯಲೂ ಇಲ್ಲ. “ಅವನನ್ನ ಕೇಳಿದ್ಯಾ?”

“ಏನಂತ?”

“ಚಡ್ಡಿ ಬೇಕಾ ಅಂತ.”

“ಯಾರಿಗೆ? ಕರಡಿಗಾ?”

“ಯಾರಿಗಾದ್ರೂ,” ಅಂದು ಚಿಕ್ಕಮ್ಮ ಮೇಕೆಯ ಕಡೆ ತಿರುಗಿದಳು.

ಮನೆಗೆ ಹೋಗುವ ದಾರಿಯಲ್ಲಿ ಪೆನ್ಸಿಲ್ ಏನು ಕೇಳಬೇಕು ಅಂತ ಯೋಚಿಸುತ್ತಿರುವಾಗ ಡುಮ್ಮನೇ ಬಾಯಿ ಬಿಟ್ಟ.

“ಅಕ್ಕಾ, ನೀನು ಯಾಕೆ ಅದಕ್ಕೆ ಚಡ್ಡಿ ಹಾಕ್ದೆ?”

“ನಿನಗೋಸ್ಕರ ಕಣೋ.”

“ನಾನು ಹೇಳಿದ್ನಾ?”

ಬೆಳಿಗ್ಗೆ ಆ ಹುಡುಗಿ ಗೋಡೆ ತೋರಿಸಿದಾಗ ಪೆನ್ಸಿಲ್‌ಗೆ ಮೊದಲು ನೆನಪಾದದ್ದು ಡುಮ್ಮನಾ, ತನ್ನ ಕರಡಿಯಾ? ಆ ಪ್ರಶ್ನೆಯನ್ನು ಅವಳು ಯಾರ ಹತ್ತಿರವೂ ಕೇಳುವ ಹಾಗಿರಲಿಲ್ಲ.

“ಅದು ಮೊದಲು ಆರಾಮಾಗಿತ್ತು,” ಅಂದ ಡುಮ್ಮ. “ಈಗ ಎಲ್ಲರೂ ಅದರ ಚಡ್ಡೀನೇ ನೋಡ್ತಾರೆ. ತೆಗೆದುಬಿಡು.”

“ನೀನೇ ತೆಗೀತೀಯಾ?”

ಡುಮ್ಮ ನಿಂತು ಅವಳ ಮುಖ ನೋಡಿದ. “ಬ್ರಷ್ ದೊಡ್ಡದು ಕೊಡ್ತೀಯಾ?”

ಮಾರನೇ ದಿನ ಪ್ರೇಯರ್‌ಗೆ ಮುಂಚೆ ಡ್ರಾಯಿಂಗ್ ಸರ್ ಕಂದು ಬಣ್ಣದ ಡಬ್ಬಿ ಎತ್ತಿ ಕೊಟ್ಟರು. ಪೆನ್ಸಿಲ್ ಒಂದು ಸ್ಟೂಲ್ ತಂದಿಟ್ಟಳು. ಡುಮ್ಮ ಅದರ ಮೇಲೆ ಹತ್ತಿ, ನಾಲಿಗೆ ಕಚ್ಚಿಕೊಂಡು, ನೀಲಿಯ ಮೇಲೆ ಕಂದು ಎಳೆಯತೊಡಗಿದ. ಬಣ್ಣ ಕರಡಿಯ ಅಂಗಿಯ ಮೇಲೂ ಹತ್ತಿತು, ಪಕ್ಕದ ಮೊಲದ ಕಾಲಿಗೂ ತಾಗಿತು. ಪೆನ್ಸಿಲ್‌ಗೆ ಕೈ ತುರಿಸಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಒಬ್ಬೊಬ್ಬರಾಗಿ ಮಕ್ಕಳು ಸೇರಿದರು. ಎರಡು ಜಡೆಯ ಹುಡುಗಿ ಹತ್ತಿರ ಬಂದು ನಿಂತಳು.

“ಏನ್ ಮಾಡ್ತಿದೀಯ?”

“ಕೂದಲು ಹಾಕ್ತಿದೀನಿ. ಕರಡಿಗೆ ಮೈಯೆಲ್ಲಾ ಕೂದಲಿರುತ್ತೆ.”

“ಇಲ್ಲಿ ಇನ್ನೂ ನೀಲಿ ಕಾಣ್ತಿದೆ.”

“ಗೊತ್ತು. ಇರು, ಬರ್ತಿದೀನಿ ಅಲ್ಲಿಗೆ.”

ಹಲ್ಲು ಬಿದ್ದ ಹುಡುಗ ಮಂದಿಯನ್ನು ತಳ್ಳಿಕೊಂಡು ಮುಂದೆ ಬಂದ. “ಬಾಲಕ್ಕೆ ನಾನು, ಬಾಲಕ್ಕೆ ನಾನು. ಏ ಕರಡಿ, ನಂಗೂ ಬ್ರಷ್ ಕೊಡೋ.”

ಪೆನ್ಸಿಲ್ ಅವನನ್ನು ಬೈಯಲು ಬಾಯಿ ತೆರೆದಳು.

ಡುಮ್ಮ ಸ್ಟೂಲಿನ ಮೇಲಿಂದ ತಿರುಗಿ ನೋಡಿದ. ಮೂಗಿನ ತುದಿಗೆ ಕಂದು ಬಣ್ಣ ಮೆತ್ತಿಕೊಂಡಿತ್ತು. “ತಗೊ,” ಅಂದು ಬ್ರಷ್ ಚಾಚಿದ. “ಜಾಸ್ತಿ ಅದ್ದಬೇಡ, ಸೋರುತ್ತೆ.”

ಹುಡುಗ ಬ್ರಷ್ ಅದ್ದಿದ. ಎರಡು ಜಡೆಯ ಹುಡುಗಿ ಡಬ್ಬಿ ಹಿಡಿದುಕೊಂಡಳು.

ಪೆನ್ಸಿಲ್ ತೆರೆದ ಬಾಯಿ ಮುಚ್ಚಿದಳು. ಅಲ್ಲಿ ಇನ್ನು ತಾನು ನಿಂತಿರಬೇಕಾಗಿಲ್ಲ ಅನ್ನಿಸಿತು. ಅವಳು ಬ್ಯಾಗು ಎತ್ತಿಕೊಂಡು, ಹಿಂದೆ ನೋಡದೆ, ತನ್ನ ಕ್ಲಾಸಿನ ಮೆಟ್ಟಿಲು ಹತ್ತಿದಳು.