ನ್ಯೂಕ್ಯಾಸಲ್‌ಗೆ ಬರ್ತೇವೆ ಅಂದವರು

"ನನ್ನ ಹೆಂಡತಿಗೆ ಬಿಸಿ ಅನ್ನ ಬೇಕಂತೆ, ನಿಮ್ಮ ಊರಲ್ಲಿ ಎಲ್ಲಿ ಸಿಗ್ತದೆ?" ಅಂತ ಚಿರಾಗ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದಾಗ, ಸಹನಾಗೆ ಅವನ ಹೆಸರು ಗೊತ್ತಾಗಿ ಹತ್ತು ನಿಮಿಷವೂ ಆಗಿರಲಿಲ್ಲ.

ಹೆಂಡತಿ ಅಂದರೆ ಅವಳೇ!

ಆ ಕಡೆಯವರು ಏನೋ ಹೇಳಿದರು. ಅವನು ರಿಸೀವರ್ ಮುಚ್ಚಿಕೊಂಡು, ನಗು ತಡೆಯುತ್ತಾ ಅವಳ ಕಡೆ ಚಾಚಿದ.

"ಹೆಂಡತಿ ಹತ್ರ ಮಾತಾಡ್ಬೇಕಂತೆ. ಮಾತಾಡಿ ಮಾರಾಯ್ರೆ..."

ಅವಳು ಮಾತಾಡಿದಳು. ಏನು ಮಾತಾಡಿದಳೋ ದೇವರಿಗೇ ಗೊತ್ತು. ಫೋನ್ ಇಟ್ಟಾಗ ಅಂಗೈ ಬೆವೆತಿತ್ತು, ದೋಹಾದ ವೆಸ್ಟ್ ಬೇಯ ಆ ಎಸಿ ಕೋಣೆಯಲ್ಲಿ!

ಇದೇನು ಆಟ ಅಂತೀರಾ? ಆಟವಲ್ಲ, ಆಫೀಸು ಕೆಲಸ. ಪುತ್ತೂರು ಕಡೆಯ ಹಂಝ ಅವರದು ಟೂರ್ ಕಂಪನಿ. ದೋಹಾದಲ್ಲೇ ತಲೆ ನೆರೆತವರು, ಎಲ್ಲರಿಗೂ ಹಂಝಾಕ. ಇಲ್ಲಿ ಬಿಸಿಲು ಏರುತ್ತಿದ್ದಂತೆ ಅರಬ್ಬಿ ಕುಟುಂಬಗಳನ್ನು ಬ್ರಿಟನ್ನಿಗೆ ಕಳಿಸುವುದು ಅವರ ಕಸುಬು. ಹೋದ ವರ್ಷ ಒಂದು ಕುಟುಂಬ ವಾಪಸು ಬಂದು, ಹೋಟೆಲು ಚೆನ್ನಾಗಿತ್ತು, ಊರಲ್ಲಿ ಒಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ ಅಂದಿತಂತೆ. ಅದು ಹಂಝಾಕನಿಗೆ ಚುಚ್ಚಿಬಿಟ್ಟಿತು.

ಅದಕ್ಕೇ ಈ ಸಲ ಅವರೇ ಒಂದು ಪರೀಕ್ಷೆ ಕಟ್ಟಿದರು. ಬ್ರಿಟನ್ನಿನ ಊರೂರಿನ ಬೇಕರಿ, ಬಸ್ ನಿಲ್ದಾಣ, ಸಣ್ಣ ವಸತಿಮನೆಗಳಿಗೆ ಫೋನ್ ಮಾಡುವುದು. ಮೊದಲು ಹೊಸದಾಗಿ ಮದುವೆಯಾಗಿ ಊರು ನೋಡಲು ಬರುವ ಜೋಡಿಯ ಹಾಗೆ. ಇನ್ನೊಂದು ದಿನ ಚಿರಾಗ್ ಒಬ್ಬನೇ, ಆ ಊರಲ್ಲೇ ಇರುವವನ ಹಾಗೆ. ಅತಿಥಿಗೆ ಯಾರು ಒಳ್ಳೆಯವರು, ತಮ್ಮವರಿಗೆ ಯಾರು ಒಳ್ಳೆಯವರು, ಎರಡಕ್ಕೂ ಬೇರೆ ಬೇರೆ ಮಾರ್ಕ್ಸು. ಎಲ್ಲ ಸೇರಿಸಿ ಗಿರಾಕಿಗಳ ಕೈಗೆ ಒಂದು ಪುಸ್ತಕ. ಚಿರಾಗ್ ಉಡುಪಿಯವನು, ಲೀಡ್ಸ್‌ನಲ್ಲಿ ಓದಿ ಅಲ್ಲೇ ಒಂದಷ್ಟು ಕಾಲ ಕೆಲಸ ಮಾಡಿದವನು. ಸಹನಾ ಮೈಸೂರಿನವಳು, ಬ್ರಿಟನ್ನನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವಳು.

ಲಂಡನ್ನಿನ ಒಬ್ಬರು ವೆಬ್‌ಸೈಟ್ ನೋಡಿ ಅಂದು ಫೋನ್ ಇಟ್ಟರು. ಗ್ಲಾಸ್ಗೋದ ಬೇಕರಿಯವನ ಒಂದು ಮಾತೂ ಸಹನಾಗೆ ಅರ್ಥವಾಗಲಿಲ್ಲ, ಆದರೆ ಅವನು ಫೋನ್ ಬಿಡಲೇ ಇಲ್ಲ. ಲಿವರ್‌ಪೂಲ್‌ನ ಒಬ್ಬಾಕೆ ಅವಳನ್ನು "ಲವ್" ಅಂತ ಕರೆದಾಗ ಅವಳ ಕೆನ್ನೆ ಕೆಂಪಾಯಿತು. ಅಲ್ಲಿ ತರಕಾರಿಯವಳೂ ಹಾಗೇ ಕರೆಯುವುದು, ಅದಕ್ಕೆಲ್ಲ ನಾಚಿದರೆ ಹೇಗೆ ಅಂತ ಚಿರಾಗ್ ದಿನವಿಡೀ ಕಾಡಿಸಿದ.

ಬಾತ್ ಎಂಬ ಊರಿನಲ್ಲಿ ಒಂದು ಅಂಗಡಿ. ಅತಿಥಿಗಳಾಗಿ ಕೇಳಿದಾಗ ಜೇನು ಸುರಿಸಿದ ಮಾಲೀಕ, ಮಾರನೆಯ ದಿನ ಅದೇ ಬೀದಿಯವನು ಅಂತ ಚಿರಾಗ್ ಕೇಳಿದಾಗ ಸೋಮವಾರ ಬಾ ಅಂದುಬಿಟ್ಟ. ಚಿರಾಗ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಸಹನಾ ನಗಲಿಲ್ಲ. 'ನಮ್ಮ ಮನೆಯೂ ಹಾಗೇ ಅಲ್ವಾ... ಬಂದವರಿಗೆ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳ್ತಾರೆ. ಇದ್ದವಳನ್ನ ಏನೂ ಕೇಳಲ್ಲ.'

ಅವಳ ಮನೆ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ. ಅವಳದಲ್ಲ, ಅಕ್ಕನ ಮನೆ. ಅಕ್ಕ ಈಗ ಇಲ್ಲ. ಒಂದು ಜ್ವರ ಬಂತು, ಕರೆದುಕೊಂಡು ಹೋಯಿತು. ಅಕ್ಕನ ಮಗಳು ದುಗ್ಗುವನ್ನು ನೋಡಿಕೊಳ್ಳಲು ಸಹನಾ ಬಂದಳು, ಇಲ್ಲೇ ಕೆಲಸ ಹಿಡಿದಳು. ಮನೆಯಲ್ಲಿ ಭಾವ ವಿನಯ್, ಭಾವನ ತಾಯಿ ಕಾಂತಾಮಣಿ.

ಅಕ್ಕನ ವರ್ಷದ ತಿಥಿಯ ದಿನ ಕಾಂತಾಮಣಿ ಅವಳ ಕೈ ಹಿಡಿದುಕೊಂಡು ಅತ್ತಿದ್ದರು. ಮಗುವನ್ನೂ ಈ ಮನೆಯನ್ನೂ ನೀನೇ ನೋಡಿಕೊಳ್ಳಬೇಕಮ್ಮ ಅಂದಿದ್ದರು. ಅಳುವ ಹಿರಿಯರ ಮುಂದೆ ಯಾರು ತಾನೇ ಬೇರೆ ಮಾತಾಡುತ್ತಾರೆ? "ಆಯ್ತತ್ತೆ" ಅಂದಳು.

ಆ "ಆಯ್ತು" ಮೈಸೂರಿಗೆ ಹೋಯಿತು. ಅಲ್ಲಿ ನಾಲ್ಕು ಜನ ಕೂತು ಮಾತಾಡಿದರು. ಅಕ್ಕನ ಜಾಗಕ್ಕೆ ತಂಗಿಯೇ ಬಂದರೆ ಮಗುವಿಗೆ ಮಲತಾಯಿಯ ಭಯವಿಲ್ಲ ಅಂದರು. ಶಾಲೆಗೆ ರಜೆ ಬಿಟ್ಟಾಗ, ಶ್ರಾವಣದಲ್ಲಿ ಮದುವೆ ಅಂತ ಛತ್ರವನ್ನೂ ಗೊತ್ತು ಮಾಡಿದರು. ಅವಳನ್ನು ಇನ್ನೊಂದು ಸಲ ಕೇಳುವುದು ಯಾಕೆ? ಒಪ್ಪಿಯಾಗಿದೆಯಲ್ಲ!

ವಿನಯ್ ಕೆಟ್ಟವನಲ್ಲ, ಪಾಪ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಮದುವೆಯ ಮಾತು ಬಂದರೆ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದ. ಅಕ್ಕನ ಚಪ್ಪಲಿಯನ್ನು ಬಾಗಿಲ ಪಕ್ಕದಿಂದ ಅವನು ಇನ್ನೂ ತೆಗೆದಿರಲಿಲ್ಲ.

ಇಂಥ ಮನೆಯಿಂದ ಹೊರಟು ಆಫೀಸಿಗೆ ಬಂದರೆ ಇಲ್ಲಿ ಒಬ್ಬ, ದಿನಕ್ಕೆ ಎಷ್ಟೋ ಸಲ, ಪರದೇಶದ ಯಾರ್ಯಾರಿಗೋ "ನನ್ನ ಹೆಂಡತಿ" ಅನ್ನುತ್ತಿದ್ದ. ಅವಳಿಗೆ ಅನ್ನ ಬೇಕು ಅನ್ನುತ್ತಿದ್ದ. ಅವಳಿಗೆ ಚಳಿ ತಡೆಯೋದಿಲ್ಲ, ಕಿಟಕಿಯಲ್ಲಿ ಬಿಸಿಲು ಬೀಳುವ ಕೋಣೆ ಇದ್ಯಾ ಅನ್ನುತ್ತಿದ್ದ. ಸುಳ್ಳೇ. ಆದರೂ ಅವಳಿಗೆ ಏನು ಬೇಕು ಅಂತ ದೋಹಾದಲ್ಲಿ ಯೋಚಿಸಿದವನು ಅವನೊಬ್ಬನೇ. ಮನಸ್ಸು ಜಾರಿತು. ಜಾರದೆ ಏನು ಮಾಡೀತು?

ಒಂದು ಮಧ್ಯಾಹ್ನ ನ್ಯೂಕ್ಯಾಸಲ್‌ನ ಒಂದು ವಸತಿಮನೆಗೆ ಫೋನ್ ಹೋಯಿತು. ಡೊರೀನ್ ಅಂತ, ವಯಸ್ಸಾದ ಹೆಂಗಸು. ಸಹನಾ ಆಮೇಲೆ ಅವರನ್ನು ಡೊರೀನಮ್ಮ ಅಂತಲೇ ಕರೆದಳು. ಹೋಟೆಲಿನ ಅನ್ನ ಯಾಕೆ, ನಾನೇ ಮಾಡಿಡ್ತೇನೆ, ಹೇಗೆ ಅಂತ ಹೇಳಿಕೊಡು ಅಂದರು ಆ ತಾಯಿ! ಅಕ್ಕಿ ತೊಳೆಯುವುದು, ನೀರಿನ ಅಳತೆ, ಬೆಂದ ಮೇಲೆ ಮುಚ್ಚಿಡುವುದು ಎಲ್ಲವನ್ನೂ ಸಹನಾ ತಡವರಿಸುತ್ತಾ ಹೇಳಿದಳು. ಈಸ್ಟರ್ ಆದ ಮೇಲಿನ ಶುಕ್ರವಾರ ಕೋಣೆ ಖಾಲಿ ಇದೆ, ಬರ್ತೀರಾ ಅಂದರು.

"ಖಂಡಿತ ಬರ್ತೇವೆ," ಅಂದ ಚಿರಾಗ್. ಸಹನಾ ಕೂಡ ಬಗ್ಗಿ, ಬರ್ತೀವಮ್ಮ ಅಂದಳು.

ನಾವು ಹಾಗೇ ಅಲ್ಲವೇ? ಲಗ್ನಪತ್ರಿಕೆ ಕೈಗೆ ಕೊಟ್ಟವರಿಗೆ ಯಾರಾದರೂ ಬರೋದಿಲ್ಲ ಅಂದಿದ್ದುಂಟಾ? ಬರ್ತೇವೆ ಅನ್ನುವುದು ನಮ್ಮ ಮರ್ಯಾದೆ. ಹೋಗುವುದು ಬಿಡುವುದು ಆಮೇಲಿನ ಮಾತು. ಇಬ್ಬರೂ ಅದನ್ನು ಅಲ್ಲೇ ಮರೆತರು.

ಮರುವಾರವೇ ಬಂತು, ಡೊರೀನಮ್ಮ ಹೇಳಿದ್ದ ಆ ಶುಕ್ರವಾರದ ಬೆಳಿಗ್ಗೆ. ಓಲ್ಡ್ ಏರ್‌ಪೋರ್ಟ್‌ನ ಇಂಡಿಯನ್ ಅಂಗಡಿಯಲ್ಲಿ ಸಹನಾ ಕೊತ್ತಂಬರಿ ಆರಿಸುತ್ತಿದ್ದಳು. ಟ್ರಾಲಿಯಲ್ಲಿ ದುಗ್ಗು. ಹಿಂದೆ ಹೀರೇಕಾಯಿ ಹಿಡಿದು ವಿನಯ್. ಎದುರಿಗೆ... ಚಿರಾಗ್!

ಅವನ ಮುಖ ಅರಳಿತು. ಅವಳದೂ ಅರಳಬೇಕು ಅನ್ನುವಷ್ಟರಲ್ಲಿ ದುಗ್ಗು ಅವಳ ಸೆರಗು ಜಗ್ಗಿದಳು.

"ಅಮ್ಮಾ, ದಿಸ್ ಒನ್ ಬೇಕು."

ಅಲ್ಲಿಯವರೆಗೆ ಆ ಮಗು ಅವಳನ್ನು ಚಿಕ್ಕಿ ಅನ್ನುತ್ತಿತ್ತು. ಅಮ್ಮ ಅಂದದ್ದು ಅದೇ ಮೊದಲು. ಯಾರೂ ಹೇಳಿಕೊಟ್ಟಿದ್ದಲ್ಲ. ಸಹನಾಳ ಕಣ್ಣು ತುಂಬಿತು. ಬಗ್ಗಿ ಮಗುವನ್ನು ತಬ್ಬಿಕೊಂಡಳು, ಆ ಕ್ಷಣ ಚಿರಾಗ್ ಅಲ್ಲಿರುವುದು ಅವಳಿಗೆ ಮರೆತೇಹೋಯಿತು.

ತಲೆ ಎತ್ತಿದಾಗ ಅವನು ವಿನಯ್‌ಗೆ ನಮಸ್ಕಾರ ಮಾಡುತ್ತಿದ್ದ. ಕೈಯಲ್ಲಿದ್ದ ಸಾಮಾನನ್ನು ಅಲ್ಲೇ ಇಟ್ಟು ಹೊರಟುಹೋದ.

ಶುಕ್ರವಾರ ಶನಿವಾರದ ರಜೆ ಮುಗಿದು ಭಾನುವಾರ ಆಫೀಸಿಗೆ ಹೋದರೆ, ಅವನ ಕುರ್ಚಿ ಕೋಣೆಯ ಆ ತುದಿಗೆ ಹೋಗಿತ್ತು. ಇನ್ನು ಮುಂದೆ ಫೋನು ನಾನೊಬ್ಬನೇ ಮಾಡುತ್ತೇನೆ ಅಂದ. ಗಂಡ, ಮಗು ಇಟ್ಟುಕೊಂಡು ಇಷ್ಟು ದಿನ ನಗುತ್ತಾ ನನ್ನ ಹೆಂಡತಿಯ ಪಾರ್ಟು ಮಾಡಿದಳಲ್ಲ ಅನ್ನುವುದು ಅವನ ನೋವು. ಬಾಯಿಬಿಟ್ಟು ಹೇಳಲಿಲ್ಲ. ಮುಖ ಹೇಳುತ್ತಿತ್ತು.

ಒಂದೇ ಒಂದು ಮಾತು ಸಾಕಿತ್ತು. 'ಅವರು ನನ್ನ ಭಾವ.' ಲಿಫ್ಟಿನಲ್ಲಿ ನಿಂತು ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ಆದರೆ ಅದರ ಹಿಂದೆಯೇ ಶ್ರಾವಣದ ಮಾತೂ ಬರಬೇಕಲ್ಲ... 'ಇವತ್ತು ಸುಳ್ಳು, ಶ್ರಾವಣಕ್ಕೆ ನಿಜ ಆಗತ್ತೆ. ತಿದ್ದಿ ಏನು ಬಂತು?' ಅಂದುಕೊಂಡು ಬಾಯಿ ಮುಚ್ಚಿಕೊಂಡಳು.

ಚಿರಾಗ್ ರಾಜೀನಾಮೆ ಕೊಟ್ಟ. ಲೀಡ್ಸ್‌ನ ಹಳೆಯ ಕಂಪನಿ ಮತ್ತೆ ಕರೆದಿದೆ ಅಂದ. ಇಷ್ಟು ಬೇಗ ಖಲಾಸಾ ಅಂತ ಹಂಝಾಕ ಬೇಜಾರು ಮಾಡಿಕೊಂಡರು. ಸಹನಾ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

ಅವನ ಕೊನೆಯ ವಾರ. ಹಂಝಾಕ ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿದ್ದರು. ಆಫೀಸಿನ ಫೋನ್ ಹೊಡೆದುಕೊಂಡಿತು. ಸಹನಾ ಎತ್ತಿದಳು.

ಡೊರೀನಮ್ಮ!

ಶುಕ್ರವಾರ ಕಾದೆನಮ್ಮ ಅಂದರು. ಕೋಣೆಗೆ ಹೊಸ ಹಾಸಿಗೆ ಬಟ್ಟೆ ಹಾಕಿದ್ದರಂತೆ. ಅನ್ನ ಮಾಡಿದರಂತೆ, ತಳ ಹಿಡಿಯಿತಂತೆ, ಪಕ್ಕದ ಮನೆಯವರ ಜೊತೆ ತಾನೇ ತಿಂದರಂತೆ. ಆಮೇಲೂ ಕೆಲವು ದಿನ ನೋಡಿದರಂತೆ. ದಾರಿಯಲ್ಲಿ ಏನಾದರೂ ಆಯಿತೇನೋ ಅಂತ ಗಾಬರಿಯಾಗಿ, ಬಂದಿದ್ದ ನಂಬರ್ ಹುಡುಕಿ ಮಾಡಿದ್ದೇನೆ ಅಂದರು. ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. ಸಿಟ್ಟಾಗಿದ್ದರೆ ಸಹನಾ ತಡೆದುಕೊಳ್ಳುತ್ತಿದ್ದಳು.

ಅವಳು ರಿಸೀವರ್ ಹಿಡಿದೇ ಆ ತುದಿಯ ಕುರ್ಚಿಯ ಕಡೆ ನೋಡಿದಳು. ಗಂಡ ಎಲ್ಲಿ, ಜಗಳವಾಡಿದಿರಾ, ಅವನಿಗೆ ಕೊಡು ಅಂದರು ಡೊರೀನಮ್ಮ. ಅವಳು ಸ್ಪೀಕರ್ ಒತ್ತಿದಳು. ಚಿರಾಗ್ ಎದ್ದು ಬಂದು ಮೇಜಿನ ಪಕ್ಕ ನಿಂತ.

ಅವತ್ತು ನಿನ್ನ ದನಿ ಕೇಳಿ ನನ್ನ ಗಂಡನ ನೆನಪಾಗಿತ್ತು ಮಗು, ಅವಳ ಮೇಲೆ ಅಷ್ಟು ಅಕ್ಕರೆ ಇತ್ತು, ಈಗೇನಾಯಿತು ಅಂತ ಕೇಳಿದರು.

ಚಿರಾಗ್ ಮೇಜನ್ನೇ ನೋಡುತ್ತಿದ್ದ. "ಅಕ್ಕರೆ ಈಗಲೂ ಉಂಟು. ನಾನು ನಿಮಗೆ ಹೇಳಿದ್ದರಲ್ಲಿ ಅದೊಂದು ಮಾತ್ರ ಸುಳ್ಳಲ್ಲ," ಅಂದ, ಇಂಗ್ಲಿಷಿನಲ್ಲಿ, ನಿಧಾನವಾಗಿ.

ಇನ್ನು ಸುಳ್ಳು ಹೇಳಲು ಸಹನಾಳಿಂದ ಆಗಲಿಲ್ಲ. ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ನಾವು ಗಂಡ ಹೆಂಡತಿ ಅಲ್ಲ, ಇದು ಆಫೀಸಿನ ಕೆಲಸ, ದೋಹಾದಿಂದ ಮಾತಾಡುತ್ತಿದ್ದೇವೆ, ಬರಬೇಕು ಅಂತ ನಾವು ಯಾವತ್ತೂ ಅಂದುಕೊಂಡಿರಲಿಲ್ಲ, ಕ್ಷಮಿಸಿ ಅಂದಳು.

ಈಗ ಫೋನ್ ಇಟ್ಟುಬಿಡುತ್ತಾರೆ ಅಂದುಕೊಂಡಳು. ಇಡಲಿಲ್ಲ.

"ಅಕ್ಕಿ ಇನ್ನೂ ಇದೆ, ಯಾವಾಗ ಬಂದರೂ ಸರಿ," ಅಂದರು ಡೊರೀನಮ್ಮ. "ಆದರೆ ಬರದಿದ್ದರೆ ಬರೋದಿಲ್ಲ ಅಂತಲೇ ಹೇಳಿ ಮಗಳೇ. ಬರ್ತೀವಿ ಅಂದರೆ ನಾನು ಪ್ರತಿ ಸದ್ದಿಗೂ ಎದ್ದು ಬಾಗಿಲು ನೋಡ್ತೀನಿ."

ಫೋನ್ ನಿಂತಿತು. ಚಿರಾಗ್ ಅವಳ ಕಡೆ ತಿರುಗಿದ.

"ನಾನು ಹೇಳಬಾರದಿತ್ತು. ನಿಮಗೆ ಗಂಡ ಇದ್ದಾರೆ, ಮಗು ಉಂಟು..."

"ಅವರು ನನ್ನ ಭಾವ, ಚಿರಾಗ್. ದುಗ್ಗು ನನ್ನ ಅಕ್ಕನ ಮಗಳು." ಅವಳು ಉಸಿರು ತೆಗೆದುಕೊಂಡಳು. "ಶ್ರಾವಣದಲ್ಲಿ ಗಂಡ ಆಗ್ತಾರೆ."

ಅವನು ಕುರ್ಚಿ ಎಳೆದುಕೊಂಡು ಕೂತ. ಅವಳು ಅಕ್ಕನ ಸಾವು, ತಿಥಿಯ ದಿನ, "ಆಯ್ತತ್ತೆ" ಅಂದದ್ದು, ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅನ್ನುವುದನ್ನೂ ಹೇಳಿದಳು. ಹೇಳುತ್ತಾ ಅತ್ತಳು.

"ನಿಮಗೆ ಮನಸ್ಸಿತ್ತಾ?" ಅವನ ದನಿ ಕೇಳಿಸುವ ಹಾಗಿರಲಿಲ್ಲ.

"ಇದೆ. ನೀವು ಮೊದಲ ಸಲ ಅನ್ನ ಕೇಳಿದಾಗಿಂದ ಇದೆ."

"ಹಾಗಾದರೆ ಬೇಡ ಅಂತ ಒಂದು ಸಲ ಹೇಳಿ ಸಹನಾ. ನಾನು ಬಂದು ಮಾತಾಡ್ತೇನೆ. ವಿನಯ್ ಅವರಿಗೂ ಇಷ್ಟ ಉಂಟೋ ಇಲ್ಲವೋ."

"ಅವರಿಗೂ ಇಷ್ಟ ಇಲ್ಲ. ಗೊತ್ತು." ಅವಳು ಕಣ್ಣೊರೆಸಿಕೊಂಡಳು. "ನಾನು ಬೇಡ ಅಂದ್ರೆ ಅತ್ತೆ ಇನ್ಯಾರನ್ನೋ ಹುಡುಕ್ತಾರೆ. ಆ ಮನೇಲಿ ನನಗೆ ಜಾಗ ಇರಲ್ಲ, ದುಗ್ಗುನ ನೋಡೋಕೂ ಬಿಡಲ್ಲ. ಅವಳು ಒಂದು ಸಲ ಅಮ್ಮನ್ನ ಕಳ್ಕೊಂಡಿದ್ದಾಳೆ. ಈಗ ನನ್ನನ್ನ ಅಮ್ಮ ಅಂದಿದ್ದಾಳೆ. ಅತ್ತೆಗೆ ಹೇಳಿದ್ದು ಬಾಯಿಮಾತು. ಆದ್ರೆ ಅಂಗಡೀಲಿ ಅವಳನ್ನ ತಬ್ಕೊಂಡೆ ನೋಡಿ, ಅದು ಬಾಯಿಮಾತಲ್ಲ."

ಚಿರಾಗ್ ವಾದ ಮಾಡಲಿಲ್ಲ. ಅಂಗಡಿಯಲ್ಲಿ ಅವನೇ ಕಣ್ಣಾರೆ ನೋಡಿದ್ದನಲ್ಲ!

ಹಂಝಾಕ ಬಂದು, ಯಲ್ಲಾ, ಬೇಗ ಹೇಳಿ, ನ್ಯೂಕ್ಯಾಸಲ್‌ಗೆ ಎಷ್ಟು ಮಾರ್ಕ್ಸು ಅಂತ ಕೇಳಿದರು. ಊರಿಗೆ ಪೂರ್ತಿ ಕೊಡಿ, ಆದರೆ ಆ ಮನೆಯ ನಂಬರನ್ನು ಪುಸ್ತಕದಲ್ಲಿ ಹಾಕಬೇಡಿ ಅಂದಳು ಸಹನಾ. ಇಬ್ಬರ ಕೆಂಪು ಕಣ್ಣು ನೋಡಿ ಆ ಹಿರಿಯರು ಕಾರಣ ಕೇಳಲಿಲ್ಲ, ಮೂರು ಕರಕ್ ಚಾ ತರಿಸಿದರು.

ಗುರುವಾರ ಚಿರಾಗ್ ಹೊರಟ. ಕಟ್ಟಡದ ಕೆಳಗೆ, ನೆರಳು ಮುಗಿದು ಬಿಸಿಲು ಶುರುವಾಗುವಲ್ಲಿ ಟ್ಯಾಕ್ಸಿ ನಿಂತಿತ್ತು. ಸಹನಾ ಅಲ್ಲಿಯವರೆಗೆ ಬಂದಳು. ದುಗ್ಗುವಿನ ಶಾಲೆ ಬಿಡುವ ಹೊತ್ತು, ಅವಳೂ ಹೊರಡಬೇಕಿತ್ತು.

ಲೀಡ್ಸ್‌ನಿಂದ ನ್ಯೂಕ್ಯಾಸಲ್‌ಗೆ ರೈಲು ಉಂಟು, ದೂರವೇನಲ್ಲ ಅಂದ ಅವನು. ಮೊದಲ ರಜೆಗೇ ಡೊರೀನಮ್ಮನ ಮನೆಗೆ ಹೋಗಿ, ಕ್ಷಮೆ ಕೇಳಿ, ತಳ ಹಿಡಿದ ಅನ್ನವನ್ನಾದರೂ ಉಂಡು ಬರುತ್ತೇನೆ ಅಂದ. ಟ್ಯಾಕ್ಸಿಯ ಬಾಗಿಲು ತೆಗೆದವನು ಹಾಗೇ ನಿಂತ.

"ಯಾವಾಗಾದ್ರೂ... ಎಷ್ಟು ವರ್ಷ ಆದ್ರೂ ಸರಿ... ನೀವು ಒಂದು ಸಲ ಅಲ್ಲಿಗೆ ಬರ್ತೀರಾ?"

ನಾಲಿಗೆಯ ತುದಿಗೇ ಬಂದಿತ್ತು, ಬರ್ತೀನಿ ಅನ್ನುವ ಮಾತು. ಜೀವನವಿಡೀ ಎಲ್ಲರಿಗೂ ಕೊಟ್ಟ ಮಾತು. ಇವನೊಬ್ಬನಿಗೆ ಅವಳು ಅದನ್ನು ಕೊಡಲಿಲ್ಲ.

"ಇಲ್ಲ, ಚಿರಾಗ್. ನಾನು ಬರಲ್ಲ."

ಅವನು ತಲೆಯಾಡಿಸಿದ. ಕಣ್ಣು ತುಂಬಿತ್ತು, ಆದರೂ ನಗಲು ನೋಡಿದ.

"ಬರ್ತೇನೆ ಅಂದಿದ್ರೆ ನಾನು ಕಾಯ್ತಿದ್ದೆ ಮಾರಾಯ್ರೆ."

"ಗೊತ್ತು," ಅಂದಳು ಸಹನಾ. "ಅದಕ್ಕೇ ಹೇಳಲಿಲ್ಲ."