ಮೇಜಿನ ಮೇಲೆ ಮಲಗಿದ ರಿಸೀವರ್

ಬ್ಯಾಡಗಿ ಠಾಣೆಯ ಹವಾಲ್ದಾರ್ ಮೈಲಾರೆಪ್ಪನ ಕಿವಿ ಎಂಥದೆಂದರೆ, ಠಾಣೆಯ ಬೆಂಚಿನ ಮೇಲೆ ಕುಳಿತು ಹಾವೇರಿ ಸ್ಟೇಷನ್ನಿನಲ್ಲಿ ನಿಂತ ರೈಲಿನ ಡ್ರೈವರು ಚಹಾ ಊದುವ ಸಪ್ಪಳ ಕೇಳುತ್ತಿದ್ದ. ಆ ಚಹಾಕ್ಕೆ ಸಕ್ಕರೆ ಕಡಿಮೆ ಬಿದ್ದಿದೆಯೋ ಹೆಚ್ಚು ಬಿದ್ದಿದೆಯೋ ಎಂಬುದನ್ನೂ ಊದುವ ರೀತಿಯಿಂದಲೇ ಹೇಳುತ್ತಿದ್ದ. ಅವನ ಮುಂದೆ ಹಾದುಹೋಗುವಾಗ ಕಳ್ಳರು ಉಸಿರು ಬಿಗಿಹಿಡಿಯುತ್ತಿದ್ದರು. ಕೆಲವರು ಹಾಗೆಯೇ ಮೂರ್ಛೆ ಹೋಗಿ ಸಿಕ್ಕಿಬಿದ್ದದ್ದೂ ಉಂಟು. ಅಂಥ ಮೈಲಾರೆಪ್ಪ ಕಿವಿಯೊಂದರಿಂದಲೇ ಪತ್ತೆ ಹಚ್ಚಿದ ಕೇಸು ಇದು.

1994ರ ಫೆಬ್ರುವರಿ 11, ಶುಕ್ರವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಮೆಣಸಿನಕಾಯಿ ದಲಾಲಿ ಕೊಟ್ರಪ್ಪ ಠಾಣೆಗೆ ಬಂದರು. ಸೀಜನ್ನಿನ ದಿನಗಳು. ಊರಿನ ಗಾಳಿ ಎಷ್ಟು ಖಾರವಾಗಿತ್ತೆಂದರೆ ಠಾಣೆಯ ಗೋಡೆಯ ಮೇಲಿನ ಹಲ್ಲಿ ಸೀನಿ ಸೀನಿ ಕೆಳಗೆ ಬಿದ್ದಿತ್ತು. ಸಬ್ ಇನ್ಸ್‌ಪೆಕ್ಟರ್ ಬಾಳಕೃಷ್ಣ ದೇಶಪಾಂಡೆ ಕುರ್ಚಿ ತೋರಿಸಿದರು. ಊರಿಗೆಲ್ಲ ಅವರು ಫೌಜದಾರ ಸಾಹೇಬರು, ಮಾತು ಕಡಿಮೆ.

"ಏನ್ ಹೋಗೇದ?"

"ಎಂಬತ್ತು ಚೀಲ ಮೆಣಸಿನಕಾಯಿ ರಿ. ಲಾರಿ ಸೈತ."

"ಎಲ್ಲಿಗೆ ಹೊಂಟಿತ್ತು?"

"ಹುಬ್ಬಳ್ಳಿಗೆ. ನಿನ್ನೆ ಸಂಜೀಕ ಬಿಟ್ಟೈತಿ. ಮುಂಜಾನೆ ಹುಬ್ಬಳ್ಳಿ ಪಾರ್ಟಿ ಫೋನ್ ಮಾಡಿ, ಮಾಲ ಎಲ್ಲೈತಿ ಅಂತ ನನ್ನ ಕೇಳತಾನ."

ಫಿರ್ಯಾದಿ ಬರೆದುಕೊಂಡದ್ದಾಯಿತು. ಲಾರಿ ಹುಡುಕುವ ಶ್ರಮ ಬೀಳಲಿಲ್ಲ. ಮಧ್ಯಾಹ್ನ ಡ್ರೈವರ್ ಶಮಶೇರಸಾಬ ತಾನಾಗಿಯೇ ಖಾಲಿ ಲಾರಿ ತಂದು ಕೊಟ್ರಪ್ಪನವರ ಅಂಗಡಿಯ ಮುಂದೆ ನಿಲ್ಲಿಸಿದ್ದ. ಅವನನ್ನು ಠಾಣೆಗೆ ಕರೆತಂದರು. ಕೊಟ್ರಪ್ಪನವರೂ ಎದುರಿಗೇ ಇದ್ದರು.

"ಮಾಲ ಎಲ್ಲಿ?" ದೇಶಪಾಂಡೆ ಕೇಳಿದರು.

"ರಾಣೇಬೆನ್ನೂರಾಗ ಇಳಿಸೇನ್ರಿ. ಮೆಡ್ಲೇರಿ ರಸ್ತೆ ಬಗಲಾಗ, ಖುಲ್ಲಾ ಜಾಗೇದಾಗ. ಟ್ರ್ಯಾಕ್ಟರ್ ಬಂದು ಒಯ್ಯತೈತಿ, ಇಳಿಸಿ ಹೋಗು ಅಂದಿದ್ರು."

"ಯಾರು?"

"ಸಾಹುಕಾರ್ರ ಅಲ್ರಿ ಮತ್ತ! ಹಾವೇರಿ ಲಾರಿ ಆಫೀಸಿನ್ಯಾಗ ಕಾಗದಾ ತಗೊಳ್ಳಾಕ ನಿಂತಿದ್ನಿ. ಅಲ್ಲಿಗೇ ಫೋನ್ ಬಂತು. ಹುಬ್ಬಳ್ಳಿ ಕ್ಯಾನ್ಸಲ್ ಆತು, ಲಗೂ ಹೊಳ್ಳು ಅಂದ್ರು."

"ನಾನಾ?" ಎಂದರು ಕೊಟ್ರಪ್ಪ.

"ನಿಮ್ಮ ದನಿನೇ ರೀ. 'ಏ ಶಮ್ಶ್ಯಾ' ಅಂದ್ರಿ. ನಿಮ್ಮ ಅಂಗಡಿ ಬಿಟ್ರ ಹಂಗ ನನ್ನ ಯಾರ್ ಕರೀತಾರ?"

ಕೊಟ್ರಪ್ಪನವರ ಎದೆ ಒಂದು ಬಡಿತ ತಪ್ಪಿದ್ದು ಮೈಲಾರೆಪ್ಪನಿಗೆ ಪಕ್ಕದ ಕೋಣೆಯಲ್ಲಿ ಕೇಳಿಸಿತು.

ಕಲಂ 419, 420 ಹಾಕಿ ಎಫ್‌ಐಆರ್ ಆಯಿತು. ರಾಣೇಬೆನ್ನೂರಿಗೆ ಹೋದ ಪೇದೆಗಳಿಗೆ ರಸ್ತೆಯ ಬದಿಯಲ್ಲಿ ಉದುರಿದ ಹತ್ತಾರು ಮೆಣಸಿನಕಾಯಿ ಬಿಟ್ಟರೆ ಏನೂ ಸಿಗಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ. ಯಾವ ಲಾರಿ, ಯಾವ ಡ್ರೈವರು, ಹಾವೇರಿಯಲ್ಲಿ ಎಷ್ಟು ಹೊತ್ತಿಗೆ ನಿಲ್ಲುತ್ತಾನೆ ಎಂಬುದನ್ನೆಲ್ಲ ಗುರುವಾರ ಮಧ್ಯಾಹ್ನ ಕೊಟ್ರಪ್ಪ ತಮ್ಮ ಕೋಣೆಯಲ್ಲಿ ಕುಳಿತು ಗುಮಾಸ್ತನಿಗೆ ಹೇಳಿದ್ದರು. ಆ ಮಾತು ಗೋಡೆ ದಾಟಿದ್ದು ಹೇಗೆ?

ಎರಡೂವರೆಗೆ ಅಂಗಡಿಯ ಪಂಚನಾಮೆ ನಡೆಯಿತು. ಒಳಗಿನ ಕೋಣೆಯಲ್ಲಿ ಕೊಟ್ರಪ್ಪನವರ ಮೇಜು, ಮೇಲೊಂದು ಫೋನು. ಹೊರಗೆ ಆಪರೇಟರ್ ಸಕೀನಾಬಿಯ ಮೇಜು, ಮೇಲೆ ಅದರದೇ ಜೋಡಿ ಫೋನು. ಬ್ಯಾಡಗಿಯಲ್ಲಿ ಅಂಥದು ಆಗ ಅದೊಂದೇ. ಗುಂಡಿಗಳು ಎಷ್ಟಿದ್ದವೆಂದರೆ ಎಣಿಸಲು ಕುಳಿತ ಪಂಚರಲ್ಲಿ ಒಬ್ಬನಿಗೆ ಅಲ್ಲಿಯೇ ಚಾಳೀಸು ಬಂದಿತು. ಹೊರಗಿನ ಲೈನು ಮೂರು, ಒಂದೊಂದಕ್ಕೂ ಒಂದೊಂದು ಪುಟ್ಟ ಕೆಂಪು ದೀಪ.

ಪಂಚನಾಮೆಯ ಶಾಯಿ ಒಣಗುವ ಮೊದಲೇ ಪ್ಯಾಟಿಯವರು ತೀರ್ಪು ಕೊಟ್ಟಿದ್ದರು: ಗುಂಡಿ ಒತ್ತಿ ಕದ್ದು ಕೇಳಿದವಳು ಸಕೀನಾಬಿ. ಅವಳ ತಾಯಿ ಮೆಹಬೂಬಿ ಬಂದು ಠಾಣೆಯ ಮೆಟ್ಟಿಲ ಮೇಲೆ ಕುಳಿತಳು.

"ಸಾಹೇಬ್ರ, ಅಕಿ ಪಗಾರದ ಮ್ಯಾಲ ನಮ್ಮ ಮನಿ ನಡೀತೈತಿ. ಒಂದ ರಾತ್ರಿ ಅಕಿನ್ನ ಇಲ್ಲಿ ಕುಂದ್ರಿಸಿದ್ರ, ನಾಳೆ ನೀವ ಡಂಗುರಾ ಹೊಡಿಸಿ ಕಳ್ಳಿ ಅಲ್ಲ ಅಂದ್ರೂ ಈ ಊರಾಗ ಯಾರೂ ಕೆಲಸಾ ಕೊಡೂದಿಲ್ರಿ."

"ಸಂಜೀತನಕ ಟೈಮ್ ಕೊಡ್ರಿ, ಬಾಯಿ," ಎಂದರು ದೇಶಪಾಂಡೆ. ಆಮೇಲೆ ಹವಾಲ್ದಾರನ ಕಡೆ ತಿರುಗಿ, "ಆ ಫೋನ್ ಹೆಂಗ ನಡೀತದ, ಕಲ್ತು ಬಾ," ಎಂದರು.

ಮೈಲಾರೆಪ್ಪ ಹೋದ. ಸಕೀನಾಬಿ ಕಣ್ಣು ಒರೆಸಿಕೊಂಡು ನೆಟ್ಟಗೆ ಕುಳಿತಿದ್ದಳು.

"ನಾ ಕದ್ದು ಕೇಳೇನಂತ ಅಲ್ರಿ ಹವಾಲ್ದಾರ್ರ? ಬರ್ರಿ, ನೀವೂ ಕದ್ದು ಕೇಳ್ರಿ ನೋಡೂಣು. ಸಾಹುಕಾರ್ರ ಕ್ವಾಣ್ಯಾಗ ಗುಮಾಸ್ತರು ಫೋನ್ಯಾಗ ಮಾತಾಡಾಕತ್ತಾರ, ಈ ದೀಪ ಹತ್ತೈತಿ. ಈ ಗುಂಡಿ ಒತ್ರಿ."

ಒತ್ತಿದ. 'ಟುಂಯ್' ಎಂದಿತು, ಅಷ್ಟೆ. ಎರಡನೆಯದು, ಮೂರನೆಯದು ಒತ್ತಿದ. ಕೊನೆಗೆ ಎಲ್ಲವನ್ನೂ ಒಮ್ಮೆಲೇ ಒತ್ತಿದ. ಆ ಹೊಡೆತಕ್ಕೆ ದಾವಣಗೆರೆಯಿಂದ ಧಾರವಾಡದವರೆಗೆ ಎಲ್ಲ ಫೋನುಗಳೂ ಬಡಿದುಕೊಂಡವಂತೆ. ಆದರೆ ಒಳಗಿನ ಮಾತು ಮಾತ್ರ ಒಂದಕ್ಷರ ಕೇಳಲಿಲ್ಲ.

"ಈ ಕೆಂಪ ಗುಂಡಿ?"

"ಅದು ಹೋಲ್ಡ್ ರಿ. ಫೋನ್ ಬಂದವರ್ನ ನಿಲ್ಲಸಬೇಕಂದ್ರ ಇದನ್ನ ಒತ್ತೂದು. ದೀಪ ಮಿಣಕತೈತಿ, ಅವರಿಗೆ ಬರೇ ಸಂಗೀತ ಕೇಳಸತೈತಿ, ಇಲ್ಲೀ ಮಾತು ಕೇಳಸೂದುಲ್ಲ. ಆಮ್ಯಾಲ ಸಾಹುಕಾರ್ರು ಒಳಗ ಅದ ಲೈನ್ ಒತ್ತಿ ಮಾತಾಡ್ತಾರ."

"ಸಾಹುಕಾರ್ರಿಗೆ ಬರತೈತೇನು ಇದೆಲ್ಲಾ?"

"ನನಗಿಂತ ಚೊಲೋ ಬರತೈತ್ರಿ."

ಮೈಲಾರೆಪ್ಪ ಒಳಗಿನ ಕೋಣೆಗೆ ಹೋಗಿ ಠಾಣೆಗೆ ಫೋನು ಹಚ್ಚಿದ. ಹುಡುಗಿ ಕದ್ದು ಕೇಳಲು ಸಾಧ್ಯವಿಲ್ಲ ಎಂದು ವರದಿ ಒಪ್ಪಿಸಿದ. ಆ ಕ್ಷಣ ಅವನ ತಲೆಯಲ್ಲಿ ಹೊಳೆದ ಮಿಂಚಿಗೆ ಅಂಗಡಿಯ ಬಲ್ಬುಗಳು ಮಂಕಾದವು. "ಲೈನ್ಯಾಗ ಇರ್ರಿ ಸಾಹೇಬ್ರ" ಎಂದವನು ಹೋಲ್ಡ್ ಒತ್ತಲಿಲ್ಲ. ನಮ್ಮ ಕಡೆಯ ಅಂಗಡಿಗಳಲ್ಲಿ ಹಳೆಯ ಕಪ್ಪು ಫೋನಿಗೆ ಮಾಡುತ್ತಿದ್ದ ಹಾಗೆ ರಿಸೀವರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ, ಬೇಕೆಂದೇ, ಪ್ರಯೋಗಕ್ಕೆಂದೇ. ಹಿಂದೆಯೇ ಬಂದು ನಿಂತಿದ್ದ ಸಕೀನಾಬಿಯ ಜೊತೆ ಅದೂ ಇದೂ ಮಾತಾಡಿದ. ತಿರುಗಿ ರಿಸೀವರ್ ಎತ್ತುವಷ್ಟರಲ್ಲಿ ಆ ಕಡೆ ಲೈನು ಇರಲಿಲ್ಲ. ಸ್ವಲ್ಪ ಹೊತ್ತಿಗೆ ದೇಶಪಾಂಡೆಯವರೇ ಮೋಟರ್ ಸೈಕಲ್ ಮೇಲೆ ಬಂದಿಳಿದರು. ಹಿಂದೆಯೇ ಮೆಹಬೂಬಿಯೂ ನಡೆದು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತಳು.

"ಹೋಲ್ಡ್ ಒತ್ತಲಿಲ್ಲ ನೀನು."

"ಬೇಕಂತನ ರೀ ಸಾಹೇಬ್ರ. ಪ್ರಯೋಗ."

ದೇಶಪಾಂಡೆ ಅವನನ್ನು ಒಂದು ಗಳಿಗೆ ನೋಡಿದರು. "ಎಲ್ಲಾ ಕೇಳಸ್ತು. ಫ್ಯಾನಿನ ಸಪ್ಪಳ, ಹಮಾಲರ ಜಗಳ, ಹೊರಗ ಲಾರಿ ಬಂದದ್ದು. ನಿನ್ನ ಮಾತೂ ಕೇಳಸ್ತು." ಸಕೀನಾಬಿಯ ಕಡೆ ತಿರುಗಿದರು. "ತಂಗಿ, ನಿಮ್ಮ ಸಾಹುಕಾರ್ರು ಯಾರಿಗರೆ ಹಿಂಗ ರಿಸೀವರ್ ಬಗಲಾಗ ಇಟ್ಟು ನಿಲ್ಲಸ್ತಾರೇನು?"

ಒಳಗೆ ಬಂದು ನಿಂತ ಕೊಟ್ರಪ್ಪನವರ ಮುಖ ನೋಡಿದಳು; ಅವರು ನೆಲ ನೋಡುತ್ತಿದ್ದರು.

"ಒಬ್ಬರಿಗೆ ಅಷ್ಟ ರಿ," ಎಂದಳು. "ರಾಣೇಬೆನ್ನೂರಿಂದ ದಿನಾ ಮಧ್ಯಾಹ್ನ ಫೋನ್ ಬರತೈತಿ. ಶೀತ ಆದವರಂಗ ಮಾತಾಡ್ತಾರ. ಇವತ್ತ ರೇಟ್ ಎಷ್ಟು ಅಂತ ಕೇಳತಾರ. ನಾ ಬಂದು ಎರಡು ವರ್ಷ ಆತು, ಅವರು ಒಂದ ಚೀಲ ಮಾಲ ಸೈತ ತಗೊಂಡಿಲ್ಲ. ಅವರ ಫೋನ್ ಬಂದ್ರ ಹೋಲ್ಡ್ ಮಾಡಬ್ಯಾಡ, ಸೀದಾ ಒಳಗ ಕೊಡು ಅಂತ ಸಾಹುಕಾರ್ರು ಹೇಳ್ಯಾರ. ಇವರು ಎತ್ತಿ, ಲೈನ್ಯಾಗ ಇರ್ರಿ ಅಂತ ಇಟ್ಟು, ತಮ್ಮ ಕೆಲಸಾ ಮಾಡ್ಕೋತ ಕುಂದರ್ತಾರ. ಒಮ್ಮೊಮ್ಮೆ ಅರ್ಧಾ ತಾಸು."

"ಯಾರು ಅವರು, ಕೊಟ್ರಪ್ಪನವರ?"

ಕೊಟ್ರಪ್ಪ ಫೋನಿನ ಸುರುಳಿ ವೈರನ್ನು ನೆಟ್ಟಗೆ ಮಾಡತೊಡಗಿದರು.

"ನೀವು ಹೇಳಲಿಲ್ಲಂದ್ರ ನಾ ಈ ಹುಡಿಗೀನ್ನ ಕರಕೊಂಡು ಹೋಗಬೇಕಾಗ್ತದ. ಹೊರಗ ಅಕಿ ತಾಯಿ ಕುಂತಾಳ."

ಕೊಟ್ರಪ್ಪ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಕುಳಿತರು.

"ನಮ್ಮ ಸಿದ್ದ ರಿ. ನನ್ನ ತಮ್ಮ, ಸಿದ್ದಲಿಂಗಪ್ಪ. ನಾಲ್ಕ ವರ್ಷದ ಹಿಂದ ಬ್ಯಾರೆ ಆದ್ವಿ. ಅಂಗಡಿ ನನಗ ಬಂತು. ಅವ ರಾಣೇಬೆನ್ನೂರಾಗ ಎಸ್‌ಟಿಡಿ ಬೂತ್ ಹಾಕ್ಯಾನ. ಬಾಯಿಗೆ ದಸ್ತಿ ಹಿಡದು ಮಾತಾಡಿದ್ರ ನನಗ ಗುರ್ತ ಸಿಗೂದುಲ್ಲೇನ್ರಿ? ಎರಡನೇ ದಿನಕ್ಕ ಸಿಕ್ತು. ಅವನಿಗೆ ರೇಟ್ ಏನ್ ಮಾಡೂದೈತಿ? ಇಪ್ಪತ್ತ ವರ್ಷ ಕುಂತ ಅಂಗಡಿ. ಇದರ ಸಪ್ಪಳಾ ಕೇಳಾಕ ಫೋನ್ ಮಾಡತಿದ್ದ. ಕೇಳಲಿ ಅಂತ ಇಡತಿದ್ನಿ. ನಾ ಅವಂಗ ಮಾತಾಡಸಲಿಲ್ಲ, ಅವ ನನಗ ಮಾತಾಡಸಲಿಲ್ಲ."

"ಫಿರ್ಯಾದಿ ಕೊಡುವಾಗ ಗೊತ್ತಿತ್ತೇನು?"

"ಇಲ್ರಿ. ಶಮ್ಶ್ಯಾ 'ನಿಮ್ಮ ದನಿನೇ' ಅಂದಾಗ ಗೊತ್ತಾತು. ನಮ್ಮಿಬ್ಬರದೂ ಒಂದ ದನಿ." ಆಮೇಲೆ ಸಕೀನಾಬಿಯತ್ತ ನೋಡದೆಯೇ ಹೇಳಿದರು: "ತಪ್ಪಾತವ್ವಾ."

"ನನಗಲ್ರಿ," ಎಂದಳು ಅವಳು. "ಹೊರಗ ಹೋಗಿ ನಮ್ಮವ್ವಗ ಹೇಳ್ರಿ."

ಅವರು ಎದ್ದು ಹೋಗಿ ಹೇಳಿದರು. ಪ್ಯಾಟಿಯ ಜನರ ಎದುರಿಗೇ.

ಮರುದಿನ ಬೆಳಿಗ್ಗೆ ರಾಣೇಬೆನ್ನೂರ ಬಸ್ ಸ್ಟ್ಯಾಂಡಿನ ಹಿಂದಿನ ಬೂತಿನಲ್ಲಿ ಸಿದ್ದಲಿಂಗಪ್ಪ ಸಿಕ್ಕ. ಓಡಲಿಲ್ಲ. ಹಿತ್ತಲಿನ ತಗಡಿನ ಶೆಡ್ಡಿನ ಬೀಗ ತಾನೇ ತೆಗೆದುಕೊಟ್ಟ. ಎಂಬತ್ತು ಚೀಲಗಳೂ ಅಲ್ಲಿದ್ದವು, ಒಂದರ ಹೊಲಿಗೆಯೂ ಬಿಚ್ಚಿರಲಿಲ್ಲ. ಅಣ್ಣನ ಅಂಗಡಿಯ ಪದ್ಧತಿಯಂತೆಯೇ ಚೀಲದ ಬಾಯಿ ಒಳಗೆ ಮಾಡಿ ನೀಟಾಗಿ ಒಟ್ಟಿದ್ದ. ಜಪ್ತಿ ಪಂಚನಾಮೆ ಬರೆಯುತ್ತಿರುವಾಗ ದೇಶಪಾಂಡೆ ಕೇಳಿದರು.

"ಮಾರೋದಿರಲಿಲ್ಲ ಅಂದ್ರ ಒಯ್ದದ್ದ್ಯಾಕ?"

"ಬುಧವಾರ ಬೋರ್ಡ್ ಬರಿಯೋ ಪೇಂಟರ್ ಬಂದಿದ್ದ ರಿ ಅಂಗಡಿಗೆ. ನಾ ಲೈನ್ಯಾಗ ಇದ್ನಿ. 'ಕೊಟ್ರಪ್ಪ ಮತ್ತು ಸಹೋದರ' ಐತಲ್ಲಾ, ಅದರಾಗ 'ಮತ್ತು ಸಹೋದರ' ಅಳಿಸಿ ಬಿಡು ಅಂದ ಅಣ್ಣ. ಸುಣ್ಣಾ ಹಚ್ಚಲೋ, ಕೆರದು ತಗೀಲೋ ಅಂತ ಕೇಳಿದ ಪೇಂಟರ್. ಕೆರದು ತಗಿ ಅಂದ." ಅವನು ಚೀಲಗಳತ್ತ ನೋಡಿದ. "ಮರುದಿನಾ ಲಾರಿ ಮಾತು ಕೇಳಿತು. ಅಣ್ಣನ ದನೀಲೆ ಒಮ್ಮೆ ಹುಕುಂ ಮಾಡಬೇಕನಿಸ್ತು. ಅಷ್ಟ. ನಾ ಕೇಳಾಕತ್ತೇನಿ ಅಂತ ಅವಂಗ ಗೊತ್ತಿರಲಿಲ್ಲ ಬಿಡ್ರಿ."

"ಗೊತ್ತಿತ್ತು," ಎಂದರು ದೇಶಪಾಂಡೆ. "ಎರಡನೇ ದಿನದಿಂದ. ನೀವು ಕೇಳಲಿ ಅಂತನ ಇಡತಿದ್ರಂತ."

ಸಿದ್ದಲಿಂಗಪ್ಪ ಕೈಯಲ್ಲಿದ್ದ ಬೀಗವನ್ನು ಚೀಲದ ಮೇಲೆ ಇಟ್ಟ. "ಮತ್ತ ಬುಧವಾರ?"

"ನಿನ್ನೆ ರಾತ್ರಿ ನಿಮ್ಮ ಅಣ್ಣಾರನ್ನ ಕೇಳಿದೆ. ರೂಢಿ ಮ್ಯಾಲ ಇಟ್ರಂತ. ಪೇಂಟರ್ ಬಂದ ಗದ್ದಲದಾಗ ಮರತ್ರಂತ."

ಅವನು ಗೂಟಕ್ಕೆ ಹಾಕಿದ ಕೋಟು ತೆಗೆದುಕೊಂಡು ಜೀಪಿನ ಕಡೆ ನಡೆದ. ಬೇಡಿ ಹಾಕಲಿಲ್ಲ.

ಮುಂದೆ ಹಾವೇರಿ ಕೋರ್ಟಿನಲ್ಲಿ ರಾಜಿಯಾಯಿತು. ಅಣ್ಣ ತಮ್ಮ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ನ್ಯಾಯಾಧೀಶರ ಕಣ್ಣೀರಿಗೆ ಫೈಲು ತೊಯ್ದು, ಅದನ್ನು ಎರಡು ದಿನ ಬಿಸಿಲಿಗೆ ಹಾಕಬೇಕಾಯಿತು. ಮೈಲಾರೆಪ್ಪನ ಕಿವಿಗೆ ಸರಕಾರ ವಿಮೆ ಮಾಡಿಸುವ ಮಾತೂ ನಡೆದಿತ್ತು.

ಇಷ್ಟು ಬರೆದು, ನಿವೃತ್ತಿಯಾಗಿ ಧಾರವಾಡದಲ್ಲಿರುವ ದೇಶಪಾಂಡೆ ಸಾಹೇಬರಿಗೆ ಫೋನಿನಲ್ಲಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು.

"ಎಲ್ಲಾ ಬರೋಬ್ಬರಿ ಬರದೀಯೋ ಮೈಲಾರೆಪ್ಪ. ಚಹಾ ಎಲ್ಲಿ ಬಿಟ್ಟಿ?"

"ಯಾವ ಚಹಾ ರಿ ಸಾಹೇಬ್ರ?"

"ಆರಿದ್ದು."

ಸಿಕ್ಕಿಬಿದ್ದೆ. ಈಗ ಖರೇ ಹೇಳಿಬಿಡುತ್ತೇನೆ. ಆ ಮೈಲಾರೆಪ್ಪ ನಾನೇ. ಪ್ರಯೋಗವೂ ಇಲ್ಲ, ಮಿಂಚೂ ಇಲ್ಲ. ಹೋಲ್ಡ್ ಒತ್ತಲು ಮರೆತು, ಹಳೆಯ ಚಾಳಿಯಂತೆ ರಿಸೀವರ್ ಮಲಗಿಸಿದ್ದೆ. ಮಲಗಿಸಿ ಸಕೀನಾಬಿಗೆ ಹೇಳಿದ್ದೆ: "ನಮ್ಮ ಸಾಹೇಬ್ರ ಜೋಡಿ ಚಹಾ ಕುಡ್ಯಾಕ ಹೋಗಬಾರದವಾ. ಅವರು ರೊಕ್ಕಕ್ಕ ಕಿಸೆ ಹುಡುಕೂದ್ರಾಗ ಮುಂದಿನ ಚಹಾನೂ ಆರತೈತಿ." ನಕ್ಕು ರಿಸೀವರ್ ಎತ್ತಿದೆ. ಲೈನು ಹೋಗಿರಲಿಲ್ಲ. ಸಾಹೇಬರು ಅಲ್ಲೇ ಇದ್ದರು. "ಚಹಾ ಆರಿತು, ಆಮ್ಯಾಲ?" ಎಂದು ಕೇಳಿ, ಆಮೇಲೆ ಇಟ್ಟರು. ಅಂಗಡಿಗೆ ಬರುವ ದಾರಿಯಲ್ಲಿ ಎಲ್ಲವನ್ನೂ ಯೋಚಿಸಿದವರು ಅವರೇ.

ಕೋರ್ಟಿನ ಮಾತೂ ಸುಳ್ಳು. ಯಾರೂ ಅಪ್ಪಿಕೊಳ್ಳಲಿಲ್ಲ, ಯಾರೂ ಅಳಲಿಲ್ಲ. ರಾಜಿ ಅರ್ಜಿಗೆ ಸಹಿ ಹಾಕಿ, ಒಂದು ಮಾತಿಲ್ಲದೆ ಬೇರೆ ಬೇರೆ ಬಸ್ಸು ಹತ್ತಿದರು.

ಮರುವರ್ಷದ ಸೀಜನ್ನಿನಲ್ಲಿ ಒಂದು ಮಧ್ಯಾಹ್ನ ಸಮನ್ಸ್ ಕೊಡಲು ಆ ಓಣಿಗೆ ಹೋದವನು ಕೊಟ್ರಪ್ಪನವರ ಅಂಗಡಿ ಹೊಕ್ಕೆ. ಫೋನು ಬಂತು. ಸಕೀನಾಬಿ ಎತ್ತಿದಳು, ಏನೂ ಕೇಳದೆ ಒಳಗೆ ಕೊಟ್ಟಳು. ಕೊಟ್ರಪ್ಪ "ಲೈನ್ಯಾಗ ಇರ್ರಿ" ಎಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿದರು. ನಾನು ಏನೋ ಹೇಳಹೋದೆ. ಸುಮ್ಮನಿರು ಎಂದು ಕೈ ಮಾಡಿದರು. ಆಮೇಲೆ ಹೊರಗಿದ್ದ ಹಮಾಲರಿಗೆ, ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಕೂಗಿ ಹೇಳಿದರು: "ಏ, ಬೋರ್ಡ್ ಮ್ಯಾಲ ಧೂಳ ಕುಂತೈತಿ ನೋಡ್ರೋ. ನನ್ನ ಹೆಸರಿನ ಮುಂದಿನ ಅಕ್ಷರಾ ಹೊಸಾ ಬಣ್ಣ ಐತಿ, ಹಗೂರಕ ಒರಸ್ರಿ."

ರಿಸೀವರ್ ನನ್ನ ಮೊಳಕೈಯ ಪಕ್ಕದಲ್ಲೇ ಇತ್ತು. ಬಗ್ಗಿ ಕಿವಿಗೊಟ್ಟೆ. ಆ ತುದಿಯಲ್ಲಿದ್ದವನು ನಕ್ಕನೋ, ಅತ್ತನೋ, ಸುಮ್ಮನೆ ಕುಳಿತಿದ್ದನೋ, ನನಗೆ ಏನೂ ಕೇಳಿಸಲಿಲ್ಲ.